ಹದಿನಾರೂಕಾಲು ಲಕ್ಷದ ಗುರುಗಳು: ವೀಸಾಧಿಕಾರಿಗಳಿಗೊಂದು ಬಹಿರಂಗ ಬಿನ್ನಹ

ಮಾನ್ಯ ವೀಸಾ ವಿಸ್ತರಣಾಧಿಕಾರಿ ಮಹಾಶಯರ ಸನ್ನಿಧಿಗೆ,

ವಿಜಯನಗರಕ್ಕೆ ಹೊಂದಿಕೊಂಡಿರುವ ಮಾರೇನಹಳ್ಳಿಯ ನಿವಾಸಿಯೂ, ಬಹುಕಾಲ ಪ್ರೌಢಶಾಲೆಯ ಮಕ್ಕಳಿಗೆ ಸಂಧಿಸಮಾಸಗಳನ್ನು ಬೋಧಿಸಿ ಈಗ ನಿವೃತ್ತಿವೇತನವನ್ನೂ ಮಹಡಿಯ ಬಾಡಿಗೆಯನ್ನೂ ನೆಚ್ಚಿಕೊಂಡು ಬಾಳುತ್ತಿರುವವನೂ ಆದ ನಾನು, ಸರ್ಕಾರದ ಮೇಲೆ ದೂರು ಹೇಳುವ ದುರುದ್ದೇಶ ಲವಲೇಶವೂ ಇಲ್ಲದೆ, ಕೇವಲ ಕೃತಜ್ಞತೆಯಿಂದ ಪ್ರೇರಿತನಾಗಿ ಈ ಪತ್ರವನ್ನು ಬರೆಯಲು ಉದ್ಯುಕ್ತನಾಗಿದ್ದೇನೆ. ಜಯನಗರದ ಕಡೆಗೂ ಇನ್ನೊಂದು ಮಾರೇನಹಳ್ಳಿಯುಂಟು. ತಮ್ಮ ಪ್ರತ್ಯುತ್ತರವು ತಪ್ಪಿ ಅಲ್ಲಿಗೆ ಹೋಗಿ, ವಿದೇಶೀಯರ ಗೊಡವೆಯೇ ಇಲ್ಲದ ಯಾರೋ ಸಂಭಾವಿತ ಗೃಹಸ್ಥರು ತಮ್ಮ ಪೌರತ್ವದ ವಿಷಯದಲ್ಲಿ ವೃಥಾ ಶಂಕಿತರಾಗಬಾರದೆಂದು ಈ ಭೂಗೋಳವನ್ನು ಮೊದಲಿಗೇ ನಿವೇದಿಸಿದ್ದೇನೆ.

ನಮ್ಮ ಮಹಡಿಯಲ್ಲಿ ಜರ್ಮನಿಯಿಂದ ಬಂದ ಒಬ್ಬ ಉಪಾಧ್ಯಾಯಿನಿಯಿದ್ದಾರೆ. ಆಕೆಯನ್ನು ಬಾಡಿಗೆಗೆ ಸೇರಿಸಿಕೊಳ್ಳುವಾಗ ನಮ್ಮ ಮನೆಯವರು ನಡೆಸಿದ ವಿಚಾರಣೆಯು ಸರ್ಕಾರದ ವಿಚಾರಣೆಗೆ ಯಾವ ವಿಧದಲ್ಲಿಯೂ ಕಡಮೆಯಾಗಿರಲಿಲ್ಲವೆಂದು ಅಭಿಮಾನದಿಂದ ಹೇಳಬಲ್ಲೆ. ಮಾಂಸಾಹಾರವುಂಟೆ, ರಾತ್ರಿ ಎಷ್ಟು ಹೊತ್ತಿಗೆ ಮನೆ ಸೇರುವುದು, ಕಾವೇರಿ ನೀರು ಬಿಟ್ಟ ದಿನ ಸಂಪಿನ ಮೋಟಾರು ಹಾಕಿ ಮರೆಯದೆ ಆರಿಸಲು ಬರುವುದೆ ಎಂಬಿವೇ ಮೊದಲಾದ ಪ್ರಶ್ನೆಗಳಿಗೆಲ್ಲ ಸಮರ್ಪಕವಾದ ಉತ್ತರ ದೊರೆತ ಮೇಲೆಯೇ ನಾವು ಅಡ್ವಾನ್ಸನ್ನು ಸ್ವೀಕರಿಸಿದ್ದು. ಆದರೆ ನಮ್ಮ ವಿಚಾರಣೆ ಒಂದು ಸಂಜೆಗೆ ಮುಗಿದುಹೋಯಿತು. ತಮ್ಮದಾದರೋ ಶ್ರಾದ್ಧದಂತೆ ವರ್ಷವರ್ಷವೂ ತಿಥಿ ತಪ್ಪದೆ ಮರಳಿ ಬರುತ್ತದೆ. ವಿದೇಶೀಯರು ಮನೆಗೆ ಬಂದ 24 ಗಂಟೆಗಳೊಳಗಾಗಿ ಮನೆಯ ಯಜಮಾನನು ನಿಗದಿತ ನಮೂನೆಯನ್ನು ತುಂಬಿ ಒಪ್ಪಿಸತಕ್ಕದ್ದೆಂಬ ವಿಧಿಯನ್ನು ನಾನು ಚಾಚೂ ತಪ್ಪದೆ ಪಾಲಿಸಿದ್ದೇನೆ. ಇದೇ ಮನೆಯಲ್ಲಿ ಮೊಮ್ಮಗು ಹುಟ್ಟಿದಾಗ ಅದರ ಜನನವನ್ನು ತಿಳಿಸಲು ಇದೇ ಸರ್ಕಾರವು 21 ದಿನಗಳ ಅವಕಾಶ ಕೊಟ್ಟಿತ್ತು. ಯಾರ ಆಗಮನದ ವಾರ್ತೆಗಾಗಿ ಸರ್ಕಾರವು ಹೆಚ್ಚು ಹಂಬಲಿಸುತ್ತದೆಂಬುದು ಇದರಿಂದ ಸ್ಪಷ್ಟವಷ್ಟೆ.

ವಿಸ್ತರಣೆಯ ಅರ್ಜಿಗೆ ವಾಸಸ್ಥಳದ ಪ್ರಮಾಣವಾಗಿ ಬಾಡಿಗೆಯ ಕರಾರುಪತ್ರವೂ ವಿದ್ಯುತ್ತಿನ ಬಿಲ್ಲೂ ಬೇಕಾಗುತ್ತವೆ. ವರ್ಷವನ್ನು ಮೀರಿದ ಬಾಡಿಗೆಗಳನ್ನು ನೋಂದಾಯಿಸತಕ್ಕದ್ದೆಂದು 1908ರ ನೋಂದಣಿ ಕಾಯಿದೆ ವಿಧಿಸಿರುವುದರಿಂದ, ಆ ಕಾಯಿದೆಯ ಸಮೀಪಕ್ಕೂ ಹೋಗಿ ಅದಕ್ಕೆ ತೊಂದರೆ ಕೊಡಬಾರದೆಂಬ ಸೌಜನ್ಯದಿಂದ, ಬೆಂಗಳೂರಿನ ಮನೆಯೊಡೆಯರಾದ ನಾವು ಹನ್ನೊಂದು ತಿಂಗಳಿಗೇ ಕರಾರನ್ನು ನಿಲ್ಲಿಸಿಬಿಡುವ ಸಂಪ್ರದಾಯವನ್ನಿಟ್ಟುಕೊಂಡಿದ್ದೇವೆ. ವೀಸಾ ಹನ್ನೆರಡು ತಿಂಗಳು, ಮನೆ ಹನ್ನೊಂದು ತಿಂಗಳು. ಉಳಿದ ಒಂದು ತಿಂಗಳು ಆಕೆ ಶಾಸ್ತ್ರರೀತ್ಯಾ ಎಲ್ಲಿ ವಾಸವಾಗಿರುತ್ತಾರೆಂಬುದನ್ನು ನಾನಾಗಲಿ ತಾವಾಗಲಿ ಹೇಳಲಾರೆವು. ವೀಸಾ ತೋರಿಸಿದರೆ ಕರಾರು ಎಂದು ಮನೆಯೊಡೆಯ, ಕರಾರು ತೋರಿಸಿದರೆ ವೀಸಾ ಎಂದು ಸರ್ಕಾರ. ಇಬ್ಬರ ನಡುವೆ ಬಡ ನೋಟರಿಯೊಬ್ಬರ ಸಂಸಾರ ಸಾಗುತ್ತದೆ. ಇದೂ ಒಂದು ಲೋಕೋಪಕಾರವೇ.

ಉದ್ಯೋಗ ವೀಸಾದ ನಿಯಮಗಳನ್ನು ನಾನು ವೈಯಾಕರಣ ಕೇಶಿರಾಜನ ಸೂತ್ರಗಳನ್ನು ಓದುವಷ್ಟೇ ಶ್ರದ್ಧೆಯಿಂದ ಓದಿದ್ದೇನೆ. ಉತ್ಸರ್ಗವೆಂಬ ಸಾಮಾನ್ಯ ನಿಯಮ, ಅಪವಾದ, ಅಪವಾದಕ್ಕೊಂದು ಅಪವಾದ, ಎಲ್ಲವೂ ಅಲ್ಲಿ ಕ್ರಮವಾಗಿವೆ. ವರ್ಷಕ್ಕೆ 16.25 ಲಕ್ಷ ರೂಪಾಯಿಗಳಿಗಿಂತ ಕಡಮೆ ವೇತನವುಳ್ಳ ವಿದೇಶೀಯನಿಗೆ ಈ ವೀಸಾ ಸಲ್ಲದೆಂಬುದು ಉತ್ಸರ್ಗ. ಕೇಂದ್ರ ಸರ್ಕಾರದ ಉನ್ನತ ವಿದ್ಯಾಸಂಸ್ಥೆಗಳಲ್ಲಿ ಪಾಠ ಹೇಳುವವರಿಗೆ 9.10 ಲಕ್ಷವಾದರೂ ಆದೀತೆಂಬುದು ಒಂದು ಔದಾರ್ಯ. ತಮ್ಮ ದೇಶದ ಅಡುಗೆಯನ್ನು ಮಾಡುವ ಬಾಣಸಿಗರು, ಭಾಷೆ ಕಲಿಸುವ ಶಿಕ್ಷಕರು, ಅನುವಾದಕರು, ರಾಯಭಾರ ಕಚೇರಿಯ ಸಿಬ್ಬಂದಿ, ಇವರಿಗೆ ಈ ಮಿತಿಯೇ ಇಲ್ಲವೆಂಬುದು ಅಪವಾದ. ಬಾಣಸಿಗನನ್ನೂ ಉಪಾಧ್ಯಾಯನನ್ನೂ ಒಂದೇ ಪಂಕ್ತಿಯಲ್ಲಿ ಕುಳ್ಳಿರಿಸಿದ್ದಕ್ಕಾಗಿ ನಾನು ಎಳ್ಳಷ್ಟೂ ನೊಂದುಕೊಂಡಿಲ್ಲ. ಬಾಣಸಿಗನ ಕೆಲಸದ ಫಲಿತಾಂಶವು ಅಂದೇ ಮಧ್ಯಾಹ್ನ ತಿಳಿದುಬರುವುದರಿಂದ ಮಾನ ಕುಂದಿದ್ದರೆ ಅವನದೇ ಕುಂದಿರಬೇಕು.

ನಮ್ಮ ಮಹಡಿಯ ಉಪಾಧ್ಯಾಯಿನಿಯು ಜರ್ಮನ್ ಕಲಿಸುತ್ತಾರಾದುದರಿಂದ ಎಷ್ಟೇ ಅಲ್ಪ ವೇತನಕ್ಕಾದರೂ ಈ ದೇಶಕ್ಕೆ ಬೇಕಾದವರು. ಆದರೆ ಒಂದು ದಿನ ಪಕ್ಕದ ತರಗತಿಯ ಮೇಷ್ಟರು ರಜೆ ಹಾಕಿದರೆಂದು ಆಕೆ ಅಲ್ಲಿಗೆ ಹೋಗಿ ನಲವತ್ತು ನಿಮಿಷ ಭಿನ್ನರಾಶಿಯನ್ನು ವಿವರಿಸಿದರೆಂದಿಟ್ಟುಕೊಳ್ಳಿ; ಹೊಸ್ತಿಲು ದಾಟಿದ ಕ್ಷಣದಲ್ಲಿಯೇ ಆಕೆ 16.25 ಲಕ್ಷದ ವ್ಯಕ್ತಿಯಾಗತಕ್ಕದ್ದು, ಆಗದಿದ್ದರೆ ಅಪರಾಧಿಯಾಗತಕ್ಕದ್ದು. ಈ ಮೊತ್ತವನ್ನು ನಾನು ನಮ್ಮ ಬಡಾವಣೆಯ ಖಾಸಗಿ ಶಾಲೆಯ ಗಣಿತದ ಮೇಷ್ಟರಿಗೆ ತಿಳಿಸಿದಾಗ, ಅವರು ಬಹಳ ಹೊತ್ತು ಸುಮ್ಮನಿದ್ದು, ತಾವು ವಿದೇಶೀಯರಾಗುವ ಮಾರ್ಗವೇನೆಂದು ವಿಚಾರಿಸಿದರು.

ಭಾಷಾಶಿಕ್ಷಕರಿಗೆ ಕೊಟ್ಟ ವಿನಾಯಿತಿಯಿಂದ ಇಂಗ್ಲಿಷಿನವರನ್ನು ಮಾತ್ರ ಹೊರಗಿಟ್ಟಿರುವುದು ಅಪವಾದಕ್ಕೆ ಅಪವಾದ, ಮತ್ತು ಇಡೀ ನಿಯಮಾವಳಿಯಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ. ಜರ್ಮನ್, ಫ್ರೆಂಚ್, ಜಪಾನಿಗಳನ್ನು ಪರರಿಂದ ಕಲಿಯಬಹುದು. ಇಂಗ್ಲಿಷಿಗೆ ಮಾತ್ರ ನಮ್ಮಲ್ಲಿಯೇ ಗುರುಗಳಿದ್ದಾರೆ, ಆಂಗ್ಲರು ಬರುವುದಾದರೆ ಹದಿನಾರೂಕಾಲು ಲಕ್ಷದ ಯೋಗ್ಯತೆಯನ್ನು ರುಜುಪಡಿಸಿ ಬರಲಿ. ಇಲ್ಲಿಂದ ಮೂಡಲಪಾಳ್ಯದವರೆಗೆ ನಡೆದುಹೋಗುತ್ತ ಸ್ಪೋಕನ್ ಇಂಗ್ಲಿಷ್ ತರಗತಿಗಳ ಫಲಕಗಳನ್ನು ನೋಡಿದ ಯಾವ ವಿಚಾರವಂತನೂ ಇದನ್ನು ಅಲ್ಲಗಳೆಯಲಾರನು.

ಇಷ್ಟು ಸುವ್ಯವಸ್ಥಿತವಾದ ಸೂತ್ರಗಳು ಕನ್ನಡನಾಡಿಗೆ ಬಹಳ ತಡವಾಗಿ ಬಂದುವೆಂಬುದೊಂದೇ ನನ್ನ ಸಂಕಟ. ಕಂಪನಿ ಸರ್ಕಾರದವರು ಒಂದು ಕಾಲಕ್ಕೆ ಪರದೇಶದವರ ಮೇಲೆ ಬಿಗಿಯಾದ ಪರವಾನಗಿಗಳನ್ನಿಟ್ಟಿದ್ದರು. 1833ರ ಸನ್ನದು ಕಾಯಿದೆಯಲ್ಲಿ ಆ ಬಿಗಿಯನ್ನು ಸಡಿಲಿಸಿದ್ದೇ ತಡ, ಮರುವರ್ಷವೇ ಬಾಸೆಲ್ ಮಿಷನ್ನಿನ ಮೂವರು ಮಂಗಳೂರಿಗೆ ಬಂದರು. 1836ರಲ್ಲಿ ಅದೇ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಬಂದರು; ಮಕ್ಕಳಿಗೆ ಪಾಠ ಹೇಳಿದ್ದು ಸಾಲದೆಂದು 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿ ಕನ್ನಡಿಗರಿಗೆ ವೃತ್ತಪತ್ರಿಕೆಯ ಚಟವನ್ನಂಟಿಸಿದರು. ಮಿಷನರಿಯ ವೀಸಾ ಬೇರೆ, ಪತ್ರಕರ್ತನ ವೀಸಾ ಬೇರೆ, ಬಂದ ಉದ್ದೇಶವನ್ನು ಬಿಟ್ಟು ಅನ್ಯ ಕಾರ್ಯದಲ್ಲಿ ತೊಡಗಕೂಡದು ಎಂಬ ವಿವೇಕವನ್ನು ಆ ಮಹಾನುಭಾವರಿಗೆ ಹೇಳುವವರೇ ಇರಲಿಲ್ಲ.

ಅದೇ ಮಿಷನ್ನಿನಿಂದ ಬಂದು ಕನ್ನಡ ನಿಘಂಟನ್ನು ರಚಿಸಿದ ಫರ್ಡಿನಾಂಡ್ ಕಿಟೆಲ್ಲರ ಪ್ರಕರಣವಂತೂ ಇನ್ನೂ ಗಂಭೀರವಾದುದು. ನಿಯಮಗಳ ಶಕ್ತಿಯನ್ನು ಪರೀಕ್ಷಿಸುವ ಸಲುವಾಗಿ ನಾನು ಆ ದಿವಂಗತರ ಪರವಾಗಿ ಒಂದು ಅರ್ಜಿಯನ್ನು ತುಂಬಿ ನೋಡಿದೆ. ಹೆಸರು, ಜನನ 1832, ದೇಶ ಜರ್ಮನಿ, ಇಲ್ಲಿಯವರೆಗೆ ಸುಗಮ. ವೇತನವೆಂಬ ಅಂಕಣದಲ್ಲಿ ಮಿಷನ್ನಿನವರು ಕೊಡುತ್ತಿದ್ದ ಜೀವನೋಪಾಯವನ್ನು ಬರೆಯಬೇಕು; ಅದು ಹದಿನಾರೂಕಾಲು ಲಕ್ಷವಾಗಿರಲಿಲ್ಲವೆಂದು ಪ್ರಮಾಣ ಮಾಡಿ ಹೇಳಬಲ್ಲೆ. ಭಾಷಾಶಿಕ್ಷಕರೆಂಬ ವಿನಾಯಿತಿಯನ್ನಾದರೂ ಕೋರೋಣವೆಂದರೆ, ಅವರು ಜರ್ಮನ್ ಕಲಿಸಲು ಬಂದವರಲ್ಲ. ಕನ್ನಡಿಗರಿಗೆ ಕನ್ನಡ ಹೇಳಲು ಹೊರಟವರು. ಈ ಉದ್ಯೋಗಕ್ಕೆ ಯೋಗ್ಯತೆಯುಳ್ಳ ಭಾರತೀಯರು ದೊರೆಯುತ್ತಿರಲಿಲ್ಲವೇ? ನಿಯಮದ ಪ್ರಕಾರ, ದೊರೆಯುವ ಪಕ್ಷದಲ್ಲಿ ವಿದೇಶೀಯನಿಗೆ ಅವಕಾಶವಿಲ್ಲ. ಮೈಸೂರಿನಿಂದ ಧಾರವಾಡದವರೆಗೆ ಪಂಡಿತರು ಧಾರಾಳವಾಗಿದ್ದರು. ಅವರಲ್ಲಿ ಯಾರೂ ಅಷ್ಟು ದೊಡ್ಡ ನಿಘಂಟಿಗೆ ಕೈಹಾಕದಿದ್ದುದು ಬೇರೆಯ ಮಾತು, ಅರ್ಜಿಯಲ್ಲಿ ಅದನ್ನು ಕೇಳುವ ಅಂಕಣವಿಲ್ಲ. ಇನ್ನು, ಸಾಮಾನ್ಯವಾದ ಅಥವಾ ಗುಮಾಸ್ತಿಕೆಯ ಸ್ವರೂಪದ ಕೆಲಸಗಳಿಗೆ ವೀಸಾ ಕೊಡತಕ್ಕದ್ದಲ್ಲವೆಂದೂ ನಿಯಮವಿದೆ. ಹಳೆಯ ಗ್ರಂಥಗಳಿಂದಲೂ ಜನರ ಬಾಯಿಂದಲೂ ಶಬ್ದಗಳನ್ನು ಒಂದೊಂದಾಗಿ ಹೆಕ್ಕಿ, ಅಕಾರಾದಿಯಾಗಿ ಜೋಡಿಸಿ, ಎದುರಿಗೆ ಅರ್ಥವನ್ನು ಬರೆದಿಡುವುದು ಗುಮಾಸ್ತಿಕೆಯಲ್ಲದೆ ಮತ್ತೇನು?

ಅವಧಿಯ ಅಂಕಣಕ್ಕೆ ಬಂದಾಗ ನನ್ನ ಲೇಖನಿಯೇ ನಿಂತಿತು. ಅವರು ಮಂಗಳೂರಿಗೆ ಬಂದದ್ದು 1853ರಲ್ಲಿ; ಸುಮಾರು 70,000 ಶಬ್ದಗಳ ನಿಘಂಟು ಅಚ್ಚಾಗಿ ಹೊರಬಂದದ್ದು 1894ರಲ್ಲಿ. ನಡುವೆ ಸ್ವದೇಶಕ್ಕೆ ಹೋಗಿ ಮರಳಿದ್ದುಂಟು. ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ ನಾಗವರ್ಮನ ‘ಛಂದೋಂಬುಧಿ’ಯನ್ನೂ ಶೋಧಿಸಿ ಮುದ್ರಿಸಿದ್ದುಂಟು. ವರ್ಷಕ್ಕೊಂದರಂತೆ ವಿಸ್ತರಣೆ ಕೋರಬೇಕಾಗಿದ್ದರೆ ‘ಅ’ಕಾರದಲ್ಲಿ ಒಮ್ಮೆ, ‘ಕ’ಕಾರದಲ್ಲಿ ಹಲವು ಬಾರಿ ಅವರು ಧಾರವಾಡದಿಂದ ಹೊರಟು ಬರಬೇಕಾಗುತ್ತಿತ್ತು, ಕಾರ್ಯಪ್ರಗತಿಯ ವರದಿಯನ್ನು ಕೇಳಿದ ಅಧಿಕಾರಿಯ ಮುಂದೆ, ಹಿಂದಿನ ವರ್ಷ ‘ಕ’ದಲ್ಲಿದ್ದೆ, ಈ ವರ್ಷವೂ ‘ಕ’ದಲ್ಲಿಯೇ ಇದ್ದೇನೆ ಎಂದು ಒಪ್ಪಿಕೊಳ್ಳಬೇಕಾಗುತ್ತಿತ್ತು. ಹೀಗೆ ಉಳಿದ ಸರ್ವಾಂಕಣಗಳಲ್ಲಿಯೂ ಅನುತ್ತೀರ್ಣವಾದ ಆ ಅರ್ಜಿಯನ್ನು, ತಮ್ಮ ಸ್ಥಾನದಲ್ಲಿ ನಿಂತು ನಾನೇ ತಿರಸ್ಕರಿಸಿದ್ದೇನೆ. ನಿಘಂಟನ್ನು ಹಿಂದಕ್ಕೆ ಕಳುಹಿಸಬೇಕೆ, ಇಟ್ಟುಕೊಳ್ಳಬಹುದೆ ಎಂಬ ವಿಷಯದಲ್ಲಿ ಅಪ್ಪಣೆಯಾಗಬೇಕು. ಕಿಟೆಲ್ಲರು 1903ರಲ್ಲಿಯೇ ಟ್ಯೂಬಿಂಗೆನ್ನಿನಲ್ಲಿ ತೀರಿಕೊಂಡರು. ಇಲ್ಲವಾದರೆ 1914ರ ಮಹಾಯುದ್ಧದಲ್ಲಿ ಜರ್ಮನ್ ಮಿಷನರಿಗಳನ್ನು ಶತ್ರುಗಳೆಂದು ಕೂಡಿಹಾಕಿ, ಆಮೇಲೆ ಹಡಗು ಹತ್ತಿಸಿದಾಗ, ಅವರಿಗೂ ಒಂದು ಟಿಕೆಟ್ಟಿನ ಖರ್ಚು ಬೀಳುತ್ತಿತ್ತು.

ಪರರನ್ನು ಹೊರಗಿಡುವ ಜಾಣತನವು ಕಾಯಿದೆಯಿಂದಲೇ ಬರಬೇಕೆಂದೇನೂ ಇಲ್ಲ. ಒಂದು ಸಭೆಯಾದರೂ ಸಾಕು. ಯಶವಂತಪುರದ ಬದಿಯ ಟಾಟಾ ಇನ್ಸ್‌ಟಿಟ್ಯೂಟಿಗೆ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಗೆ, ಸಿ. ವಿ. ರಾಮನ್ನರು ನಿರ್ದೇಶಕರಾಗಿದ್ದಾಗ, ಹಿಟ್ಲರನ ಆಳ್ವಿಕೆಯಲ್ಲಿ ಗಟಿಂಗೆನ್ನಿನ ಪೀಠವನ್ನು ಕಳೆದುಕೊಂಡಿದ್ದ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನರನ್ನು 1935ರಲ್ಲಿ ಕರೆಸಿಕೊಂಡು, ಇಲ್ಲಿಯೇ ಶಾಶ್ವತವಾಗಿ ನೆಲೆಗೊಳಿಸಬೇಕೆಂದು ಪ್ರಯತ್ನಿಸಿದರು. ಪ್ರಾಧ್ಯಾಪಕರ ಸಭೆಯಲ್ಲಿ ಒಬ್ಬರು ಎದ್ದು, ಸ್ವದೇಶವೇ ಹೊರದೂಡಿದ ಎರಡನೆಯ ದರ್ಜೆಯ ವಿದೇಶೀಯನು ನಮಗೆ ತಕ್ಕವನಲ್ಲವೆಂಬ ಅರ್ಥದ ಮಾತನ್ನಾಡಿದರೆಂದು ಬಾರ್ನರೇ ಆತ್ಮಕಥೆಯಲ್ಲಿ ಬರೆದಿದ್ದಾರೆ. ಹಾಗೆ ನುಡಿದವರು ಮಲ್ಲೇಶ್ವರದವರೋ ಬಸವನಗುಡಿಯವರೋ ಆಗಿರಲಿಲ್ಲ. ಅವರೂ ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದವರೇ. ಆ ಯೋಜನೆ ಕೈಗೂಡಲಿಲ್ಲ. ಬಾರ್ನರು 1936ರಲ್ಲಿ ಎಡಿನ್‌ಬರೋಗೆ ತೆರಳಿದರು. 1954ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂದಾಗ ಅದನ್ನು ಸಂಭ್ರಮಿಸುವ ತೊಂದರೆ ಬೆಂಗಳೂರಿಗೆ ತಪ್ಪಿತು.

ತಮ್ಮ ಶಾಸ್ತ್ರದ ವಂಶಾವಳಿಯಲ್ಲಿಯೂ ಇಂಥದೇ ಒಂದು ಸೊಗಸಿದೆ: 1946ರ ವಿದೇಶೀಯರ ಕಾಯಿದೆಯನ್ನು ನಮಗೆ ಬರೆದುಕೊಟ್ಟವರು ಮರುವರ್ಷವೇ ತಾವೇ ವಿದೇಶೀಯರಾಗಿ ಹೊರಟುಹೋದರು. ಅದನ್ನು ನಾವು ಭಕ್ತಿಯಿಂದ ಕಾಪಾಡಿಕೊಂಡು ಬಂದು, 2025ರಲ್ಲಷ್ಟೇ ಅದರ ಸೋದರ ಕಾಯಿದೆಗಳೊಡನೆ ಒಟ್ಟುಗೂಡಿಸಿ ಹೊಸ ಅಧಿನಿಯಮವನ್ನು ಮಾಡಿಕೊಂಡಿದ್ದೇವೆ.

ಪರರನ್ನು ಹೊರಗಿಡುವ ಈ ವಿದ್ಯೆಯಲ್ಲಿ ನಾವೇ ಮೊದಲಿಗರೆಂದು ಗರ್ವಪಡುವಂತೆಯೂ ಇಲ್ಲ. ನಮ್ಮ ಹುಡುಗಿಯೊಬ್ಬಳು ಅಮೆರಿಕದ ಶಾಲೆಯಲ್ಲಿ ವಿಜ್ಞಾನ ಕಲಿಸಲು ವಿನಿಮಯ ವೀಸಾದ ಮೇಲೆ ಹೋದರೆ ಮೂರು ವರ್ಷ. ಬಹಳವಾಗಿ ಮೆಚ್ಚಿದರೆ ಇನ್ನೆರಡು. ಅಲ್ಲಿಗೆ ಮಕ್ಕಳು ಅವಳ ಉಚ್ಚಾರಣೆಗೆ ಒಗ್ಗಿರುತ್ತಾರೆ, ಅವಳೂ ಅವರ ಚಳಿಗೆ ಒಗ್ಗಿರುತ್ತಾಳೆ, ಆದುದರಿಂದ ಹಿಂದಿರುಗತಕ್ಕದ್ದು. ಮತ್ತೆ ಅದೇ ಬಗೆಯ ಶಿಕ್ಷಕಿಯಾಗಿ ಹೋಗಬೇಕಾದರೆ ಎರಡು ವರ್ಷ ಹೊರಗಿದ್ದು ಬರಬೇಕು. ಎಚ್-1ಬಿ ಎಂಬ ಇನ್ನೊಂದು ಬಾಗಿಲಿತ್ತು. 2025ರ ಸೆಪ್ಟೆಂಬರಿನಲ್ಲಿ ಅಲ್ಲಿನ ಅಧ್ಯಕ್ಷರು, ಹೊರದೇಶದಿಂದ ಹೊಸದಾಗಿ ಕರೆಸಿಕೊಳ್ಳುವ ಒಬ್ಬೊಬ್ಬರಿಗೂ ಒಂದು ಲಕ್ಷ ಡಾಲರು ಕಟ್ಟತಕ್ಕದ್ದೆಂದು ಘೋಷಿಸಿದರು. ಶಿಕ್ಷಕರಿಲ್ಲದೆ ಪರದಾಡುವ ಹಳ್ಳಿಗಾಡಿನ ಶಾಲೆಗಳು ಅಲ್ಲಿಯೂ ಇವೆಯಷ್ಟೆ. ಲಕ್ಷವೆಂಬ ಸಂಖ್ಯೆಯ ಮೇಲೆ ಸಮಸ್ತ ಭೂಮಂಡಲದ ವೀಸಾಧಿಕಾರಿಗಳಿಗೂ ಸಮಾನವಾದ ಮೋಹವಿರುವಂತೆ ಕಾಣುತ್ತದೆ.

ಇಷ್ಟೆಲ್ಲವನ್ನೂ ಪ್ರಶಂಸಿಸಿದ ಮೇಲೆ ನನ್ನದೊಂದು ಚಿಕ್ಕ ಕೋರಿಕೆಯಿದೆ. ನಮ್ಮ ಶಾಲೆಗಳು ಜೂನ್ ತಿಂಗಳ ಸುಮಾರಿಗೆ ತೆರೆದು ಏಪ್ರಿಲಿನಲ್ಲಿ ಮುಚ್ಚುತ್ತವೆ. ವೀಸಾದ ವರ್ಷವಾದರೋ ಮುದ್ರೆ ಬಿದ್ದ ದಿನದಿಂದ ಪ್ರಾರಂಭವಾಗಿ, ಪರೀಕ್ಷೆಯನ್ನಾಗಲಿ ಪಾಠವನ್ನಾಗಲಿ ಲೆಕ್ಕಿಸದೆ ಮುಗಿಯುತ್ತದೆ. ನಮ್ಮ ಉಪಾಧ್ಯಾಯಿನಿಯದು ಜನವರಿಯಲ್ಲಿ ತೀರುತ್ತದೆ. ಜರ್ಮನ್ ಭಾಷೆಗೆ ನಾಲ್ಕೇ ವಿಭಕ್ತಿಗಳಂತೆ. ಮಕ್ಕಳು ಈವರೆಗೆ ಪ್ರಥಮಾ, ದ್ವಿತೀಯಾ, ಚತುರ್ಥಿಗಳನ್ನು ಮುಗಿಸಿದ್ದಾರೆ, ಷಷ್ಠಿಯೊಂದು ಉಳಿದಿದೆ. ವ್ಯಾಕರಣವನ್ನು ಕಲಿಸಿ ಬದುಕಿದವನಾದ ನನಗೆ, ಒಂದು ವಿಭಕ್ತಿಯನ್ನು ಮಧ್ಯದಲ್ಲಿ ಕೈಬಿಟ್ಟ ತರಗತಿಯನ್ನು ನೋಡುವುದು ದುಸ್ಸಹ. ಆದಕಾರಣ ಶಿಕ್ಷಕರ ವೀಸಾಗಳೆಲ್ಲ ಏಪ್ರಿಲ್ ಪರೀಕ್ಷೆಗಳು ಕಳೆದ ಮೇಲೆಯೇ ತೀರತಕ್ಕದ್ದೆಂದು ಒಂದು ಸುತ್ತೋಲೆಯನ್ನು ಹೊರಡಿಸಬೇಕೆಂದೂ, ಅದಕ್ಕೆ ವಿತ್ತ ಇಲಾಖೆಯ ಒಪ್ಪಿಗೆ ಮುಂತಾದ ವಿಘ್ನಗಳಿದ್ದರೆ, ಷಷ್ಠೀ ವಿಭಕ್ತಿ ಮುಗಿಯುವವರೆಗಾದರೂ ಈಕೆಯೊಬ್ಬರ ಅವಧಿಯನ್ನು ವಿಸ್ತರಿಸಬೇಕೆಂದೂ ಪ್ರಾರ್ಥಿಸುತ್ತೇನೆ.

ಇಂತಿ ತಮ್ಮ ವಿಧೇಯ,
ಮಾರೇನಹಳ್ಳಿಯ ಒಬ್ಬ ನಿವೃತ್ತ ಕನ್ನಡ ಪಂಡಿತ

ಲಗತ್ತುಗಳು: ಬಾಡಿಗೆ ಕರಾರುಪತ್ರದ ನಕಲು (ಹನ್ನೊಂದು ತಿಂಗಳಿನದು), ವಿದ್ಯುತ್ ಬಿಲ್ಲು, ದಿವಂಗತ ಕಿಟೆಲ್ಲರ ತಿರಸ್ಕೃತ ಅರ್ಜಿ, ಮೂರು ಪ್ರತಿಗಳಲ್ಲಿ.