ಕರ್ಸರ್ ಕಾಯುವ ಷಡ್ಡಕ

ಮದುವೆಯೋ ಮುಂಜಿಯೋ ಗೃಹಪ್ರವೇಶವೋ, ಯಾರಾದರೊಬ್ಬರು ಲ್ಯಾಪ್‌ಟಾಪ್ ಬಿಚ್ಚಿ ಅಮೆರಿಕದ ಮೊಮ್ಮಗನ ಫೋಟೋ ತೋರಿಸಲು ಕೂತರೆ ಸುತ್ತ ಸೇರಿದವರೆಲ್ಲ ಮೊಮ್ಮಗನನ್ನು ನೋಡುತ್ತಾರೆ. ಒಬ್ಬ ಮಾತ್ರ ಫೋಟೋ ತೋರಿಸುವವರ ಬೆರಳು ನೋಡುತ್ತಿರುತ್ತಾನೆ. ಸ್ವಲ್ಪ ಹೊತ್ತು ತಡೆದು, ಬಹಳ ವಿನಯದಿಂದ, “ಹೆಬ್ಬೆರಳನ್ನ ಯಾವಾಗ್ಲೂ ಟಚ್‌ಪ್ಯಾಡ್ ಮೇಲೇ ಊರಿರ್ತೀರಾ ಸಾರ್?” ಎಂದು ಕೇಳುತ್ತಾನೆ. ಅವರು ಗಾಬರಿಯಾಗಿ ಕೈ ಹಿಂದಕ್ಕೆಳೆದುಕೊಂಡರೆ, “ತೆಗೀಬೇಡಿ, ತೆಗೀಬೇಡಿ, ಹಾಗೇ ಇರ್ಲಿ” ಎಂದು ಇನ್ನಷ್ಟು ಬಗ್ಗುತ್ತಾನೆ. ಮೊಮ್ಮಗನ ಹೆಸರೇನೆಂದು ಕೊನೆಯವರೆಗೂ ಅವನಿಗೆ ಗೊತ್ತಾಗುವುದಿಲ್ಲ.

ಇಂಥವರಿಗೆ ಓಪನ್ ಸೋರ್ಸ್ ಮೇಂಟೇನರ್, ಅಂದರೆ ಎಲ್ಲರಿಗೂ ತೆರೆದಿಟ್ಟ ತಂತ್ರಾಂಶದ ಉಸ್ತುವಾರಿ, ಎನ್ನುತ್ತಾರೆ. ಅದರಲ್ಲೂ ಈತ ಇನ್‌ಪುಟ್ ಶಾಖೆಯವನು. ಮೌಸು, ಟಚ್‌ಪ್ಯಾಡು, ಕೀಬೋರ್ಡು, ಚಿತ್ರ ಬರೆಯುವ ಪೆನ್ ಟ್ಯಾಬ್ಲೆಟ್ಟು, ಅಂದರೆ ಮನುಷ್ಯನ ಕೈ ಕಂಪ್ಯೂಟರಿಗೆ ತಾಗುವ ಜಾಗವಷ್ಟೂ ಇವನ ವ್ಯಾಪ್ತಿ. ನನ್ನ ಹೆಂಡತಿಯ ತಂಗಿಯ ಗಂಡ ಈ ಪೈಕಿಯವನಾದ್ದರಿಂದ ಹಬ್ಬಹರಿದಿನಗಳಲ್ಲಿ ಹತ್ತಿರದಿಂದ ನೋಡುವ ಅವಕಾಶ ನನಗಿದೆ. ಅವನು ನೋಡಿಕೊಳ್ಳುವ ತಂತ್ರಾಂಶದ ಹೆಸರು ಮಾತ್ರ ಹೇಳಲಾರೆ. “ಬರೀಬೇಡಿ ಭಾವ, ಓದಿದವರೆಲ್ಲ ಬಗ್ ಹಾಕ್ತಾರೆ” ಎಂದು ಮೊದಲೇ ಕೈಮುಗಿದಿದ್ದಾನೆ.

“ಚಿಕ್ಕ ಅಳಿಯಂದಿರು ಏನ್ ಮಾಡ್ತಾರೆ?” ಎಂದು ಯಾರಾದರೂ ಕೇಳಿದರೆ ನಮ್ಮ ಮಾವನವರು “ಕಂಪ್ಯೂಟರಲ್ಲಿದ್ದಾರೆ” ಎಂದು ಮುಗಿಸುತ್ತಾರೆ. ಹಗಲಿನ ಮಟ್ಟಿಗೆ ಅದು ಸಾಕು. ಬೆಂಗಳೂರಿನ ಯಾವುದೋ ಕಂಪನಿ, ಯಾವುದೋ ಹುದ್ದೆ, ಹೊರವರ್ತುಲ ರಸ್ತೆಯ ಟ್ರಾಫಿಕ್ಕು. ಕಷ್ಟವಿರುವುದು ರಾತ್ರಿಯ ಕೆಲಸವನ್ನು ವಿವರಿಸುವುದರಲ್ಲಿ. ಹೆಂಡತಿಯ ಸೋದರತ್ತೆಯೊಬ್ಬರು ಒಮ್ಮೆ ಪಟ್ಟು ಹಿಡಿದು ಕೇಳಿಯೇಬಿಟ್ಟರು.

“ಊಟ ಆದ್ಮೇಲೆ ಕೂತ್ಕೊಂಡು ಮಾಡ್ತೀಯಲ್ಲ, ಅದಕ್ಕೆ ಬೇರೆ ಸಂಬಳಾನಾ?”

“ಇಲ್ಲ ಅತ್ತೆ, ಅದಕ್ಕೆ ಸಂಬಳ ಇಲ್ಲ.”

“ಮತ್ತೆ ಮಾಡು ಅಂತ ಹೇಳಿದ್ದು ಯಾರು?”

“ಯಾರೂ ಹೇಳಿಲ್ಲ. ಮುಂಚೆ ನೋಡ್ಕೋತಿದ್ದವರಿಗೆ ಒಂದು ತಪ್ಪು ತಿದ್ದಿ ಕಳಿಸಿದ್ದೆ. ಚೆನ್ನಾಗಿ ತಿದ್ದಿದ್ದೀರಿ, ಇನ್ಮೇಲೆ ನೀವೇ ನೋಡ್ಕೊಳ್ಳಿ ಅಂತ ಎಲ್ಲಾ ಒಪ್ಪಿಸಿ ಹೊರಟುಹೋದ್ರು.”

ಅತ್ತೆ ಮರುಕದಿಂದ ತಲೆಯಾಡಿಸಿದರು. “ಮಹಿಳಾ ಸಮಾಜದ ಕಾರ್ಯದರ್ಶಿ ಕೆಲಸ ನನ್ನ ಕುತ್ತಿಗೆಗೆ ಬಂದಿದ್ದೂ ಹೀಗೇ ಕಣಪ್ಪ.”

ಅವನು ಮಾಡುವುದಾದರೂ ಏನು? ನಾವು ಟಚ್‌ಪ್ಯಾಡ್ ಮೇಲೆ ಬೆರಳು ಆಡಿಸಿದಾಗ ಯಂತ್ರಕ್ಕೆ ಕಾಣುವುದು ಬರೀ ಅಂಕಿ: ಅಡ್ಡ ಇಷ್ಟು, ಉದ್ದ ಇಷ್ಟು, ಒತ್ತಡ ಇಷ್ಟು, ಹೊತ್ತು ಇಷ್ಟು. ಇದು ಬೆರಳೋ ಅಂಗೈಯೋ, ಕುಟ್ಟಿದ್ದೋ ಎಳೆದದ್ದೋ, ಬೇಕೆಂದು ಮುಟ್ಟಿದ್ದೋ ಟೈಪ್ ಮಾಡುವಾಗ ತಾಗಿದ್ದೋ ಎಂದು ಯಾರಾದರೂ ತೀರ್ಮಾನಿಸಿ ಮೇಲಕ್ಕೆ ಹೇಳಬೇಕು. ಲಿನಕ್ಸ್ ಲೋಕದಲ್ಲಿ ಈ ಕೆಲಸಕ್ಕೆ ಲಿಬ್‌ಇನ್‌ಪುಟ್ ಎಂಬ ದೊಡ್ಡ ಮನೆಯೊಂದಿದೆ. ಅದರ 1.0 ಆವೃತ್ತಿ ಹೊರಬಂದದ್ದು 2015ರಲ್ಲಿ. ಆಸ್ಟ್ರೇಲಿಯಾದಲ್ಲಿ ಕೂತ ಪೀಟರ್ ಹುಟ್ಟರರ್ ಎಂಬವರು ಅದನ್ನು ವರ್ಷಗಟ್ಟಲೆ ನೋಡಿಕೊಂಡು ಬಂದಿದ್ದಾರೆ. ರೆಡ್ ಹ್ಯಾಟ್ ಕಂಪನಿಯ ಸಂಬಳ ಅವರಿಗುಂಟು. ನನ್ನ ಷಡ್ಡಕನದ್ದು ಅದೇ ವಂಶದ ಪುಟ್ಟ ಮನೆ. ಸಂಬಳದ ಸಂಗತಿ ಅತ್ತೆಗೆ ಹೇಳಿದ್ದಾಗಿದೆ. ನಮ್ಮ ಹಳ್ಳಿಗಳಲ್ಲಿ ಕೆರೆಯ ತೂಬು ಎತ್ತಿ ಇಳಿಸುವ ನೀರುಗಂಟಿ ಇರುತ್ತಿದ್ದನಲ್ಲ, ಈತನದ್ದೂ ಅದೇ ಪಾಡು. ನೀರು ಬಂದಷ್ಟು ದಿನ ಅವನೊಬ್ಬನಿದ್ದಾನೆಂದು ಯಾರಿಗೂ ನೆನಪಿರುವುದಿಲ್ಲ. ಒಂದು ದಿನ ಗದ್ದೆ ಒಣಗಿತೋ, ಊರಿಗೆ ಊರೇ ಅವನ ಮನೆ ಮುಂದೆ.

ಹಾಗೆ ಬರುವವರ ಭಾಷೆಯನ್ನು ನೋಡಬೇಕು. ಒಂದು ರಾತ್ರಿ ಅವನ ಪಕ್ಕ ಕೂತು ಓದಿದೆ. “ನಿಮ್ಮ ತಂತ್ರಾಂಶ ದರಿದ್ರ. ನಿನ್ನೆಯವರೆಗೆ ಚೆನ್ನಾಗಿತ್ತು. ಸರಿಮಾಡಿ.” ಇಷ್ಟೇ ದೂರು. ಈತ ಶಾಂತವಾಗಿ, “ಬರೆದದ್ದಕ್ಕೆ ಧನ್ಯವಾದ. ಯಾವ ಲ್ಯಾಪ್‌ಟಾಪ್?” ಎಂದು ಕೇಳಿದ. ನಾಲ್ಕು ದಿನ ಬಿಟ್ಟು ಉತ್ತರ ಬಂತು: “ಕಪ್ಪು.” ಮಾಡೆಲ್ ನಂಬರ್ ಹೊರಡಿಸಲು ಇನ್ನೊಂದು ವಾರ ಹೋಯಿತು. ಬೆರಳು ಇಟ್ಟಲ್ಲೇ ಇದ್ದರೂ ಕರ್ಸರ್ ಕುಣಿಯುತ್ತದೆ, ಅದೂ ಸಂಜೆಯಾದ ಮೇಲೆ ಮಾತ್ರ, ಬೆಳಿಗ್ಗೆ ಏನೂ ಇಲ್ಲ ಎಂಬುದು ಆಮೇಲೆ ತಿಳಿದ ವಿಷಯ. ನಾನಾಗಿದ್ದರೆ ಯಾವುದಾದರೂ ದೇವಸ್ಥಾನದ ವಿಳಾಸ ಕೊಟ್ಟು ಕೈತೊಳೆದುಕೊಳ್ಳುತ್ತಿದ್ದೆ. ಈತ ಬೆರಳಿನ ಚಲನೆ ದಾಖಲಿಸುವ ಉಪಕರಣ ಓಡಿಸಲು ಹೇಳಿ, ಬಂದ ಸಾವಿರಾರು ಸಾಲು ಅಂಕಿಗಳನ್ನು ಹೆಂಡತಿ ಮಗು ಮಲಗಿದ ಮೇಲೆ ಒಂದೊಂದಾಗಿ ಓದಿದ. ನಡುರಾತ್ರಿ ತೊಡೆ ತಟ್ಟಿಕೊಂಡು ಎದ್ದ.

ಸಂಜೆಗೂ ಕರ್ಸರಿಗೂ ಸಂಬಂಧವಿರಲಿಲ್ಲ. ಸಂಜೆಯ ಹೊತ್ತಿಗೆ ಬ್ಯಾಟರಿ ಖಾಲಿಯಾಗಿ ಆ ಮನುಷ್ಯ ಚಾರ್ಜರ್ ಸಿಕ್ಕಿಸುತ್ತಿದ್ದ. ಅವನ ಮನೆಯ ಪ್ಲಗ್ಗಿಗೆ ಅರ್ಥಿಂಗ್ ಇರಲಿಲ್ಲ. ಬೆರಳು ತಾಗಿದಾಗ ಆಗುವ ಸಣ್ಣ ವಿದ್ಯುತ್ ವ್ಯತ್ಯಾಸವನ್ನು ಅಳೆದೇ ಟಚ್‌ಪ್ಯಾಡ್ ಕೆಲಸ ಮಾಡುವುದು. ಅರ್ಥ್ ಇಲ್ಲದ ಚಾರ್ಜರಿನ ಗದ್ದಲ ಅದರೊಳಗೆ ಸೇರಿಕೊಂಡರೆ ನಿಂತ ಬೆರಳೂ ನಡುಗಿದಂತೆ ಕಾಣುತ್ತದೆ. “ದಯವಿಟ್ಟು ಎಲೆಕ್ಟ್ರಿಷಿಯನ್ ಕರೆಸಿ” ಎಂದು ಈತ ಬರೆದ. ಆ ಕಡೆಯವನು ಧನ್ಯವಾದ ಹೇಳಲಿಲ್ಲ, ದೂರನ್ನು ಮುಚ್ಚಲೂ ಇಲ್ಲ. ಇವನೇ ಮುಚ್ಚಿದ. ಪ್ರಮೋಷನ್ ಬಂದಾಗಲೂ ಇವನ ಮುಖದಲ್ಲಿ ನಾನು ಅಷ್ಟು ಕಳೆ ಕಂಡಿರಲಿಲ್ಲ.

ತಪ್ಪು ತಿದ್ದಿದರೆ ಸುಖವಿದೆ ಎಂದುಕೊಳ್ಳಬೇಡಿ. ಹಳೆಯ ಮೌಸಿನ ಗುಂಡಿಯೊಳಗಿನ ಲೋಹದ ಪಟ್ಟಿ ಸವೆದು ಒಮ್ಮೆ ಒತ್ತಿದರೆ ಎರಡು ಸಲ ಬಡಿಯುತ್ತದೆ. ಇದನ್ನು ಹಿಡಿಯಲು ಲಿಬ್‌ಇನ್‌ಪುಟ್ 25 ಮಿಲಿಸೆಕೆಂಡಿನ ಲೆಕ್ಕ ಇಟ್ಟುಕೊಂಡಿದೆ. ಈತನೂ ಅಂಥದ್ದೊಂದು ಲೆಕ್ಕ ಹಾಕಿದ. ಗೇಮ್ ಆಡುವ ಹುಡುಗರು ಬಂದು, ಆ ಮಿಲಿಸೆಕೆಂಡುಗಳಲ್ಲಿ ತಮಗೆ ಗುಂಡು ತಾಗಿ ಸತ್ತೆವೆಂದು ಗಲಾಟೆ ಎಬ್ಬಿಸಿದರು. ತೆಗೆದರೆ ಸವೆದ ಮೌಸಿನವರು ಬಂದರು. ಹೊಸದು ಕೊಳ್ಳಿ ಎನ್ನಲು ಬಾಯಿ ತುದಿಗೆ ಬಂದರೂ ಮೇಂಟೇನರ್ ಆದವನು ಹಾಗನ್ನಬಾರದು. ಇನ್ನೊಮ್ಮೆ, ಅಂಗೈ ಯಾವುದು ಬೆರಳು ಯಾವುದು ಎಂಬ ವಿಂಗಡಣೆಯನ್ನು ನಯಗೊಳಿಸಿದ್ದಕ್ಕೆ ಒಬ್ಬರು ಸಿಡಿಮಿಡಿಗೊಂಡು ಬರೆದರು: ಹಿಂದೆ ಅವರ ಬೆಕ್ಕು ಟಚ್‌ಪ್ಯಾಡ್ ತುಳಿದರೆ ಅದು ಅಂಗೈಯ ಲೆಕ್ಕಕ್ಕೆ ಹೋಗಿ ಏನೂ ಆಗುತ್ತಿರಲಿಲ್ಲವಂತೆ, ಈಗ ಬೆಕ್ಕು ಫೈಲ್ ತೆರೆಯುತ್ತದಂತೆ. ಆ ದೂರಿಗೆ ಏನು ಉತ್ತರ ಕೊಡಬೇಕೆಂದು ಎರಡು ದಿನ ನಿಜವಾಗಿಯೂ ಯೋಚಿಸಿದ. ಬೆಕ್ಕಿನ ಪಾದದ ಅಳತೆಯನ್ನೂ ತರಿಸಿಕೊಂಡ ಎಂದು ನಾದಿನಿ ಹೇಳುತ್ತಾಳೆ.

ಆದರೆ ಈ ಮೃದು ಮನುಷ್ಯ ಒಂದು ವಿಷಯದಲ್ಲಿ ಕಲ್ಲು. ಹೊಸ ಆಪ್ಷನ್ ಕೇಳಿದರೆ ಕೊಡುವುದಿಲ್ಲ. “ಒಂದು ಟಿಕ್ ಹಾಕೋ ಡಬ್ಬಿ ತಾನೇ, ಕೊಟ್ರೆ ನಿನ್ನ ಗಂಟೇನು ಹೋಗುತ್ತೆ?” ಎಂದು ನಾನೇ ಜನರ ಪರ ವಾದಿಸಿದ್ದುಂಟು. ಅವನು ಕಾಗದ ತೆಗೆದ. ಹೌದು-ಇಲ್ಲ ಎನ್ನುವ ಒಂದು ಆಪ್ಷನ್ ಇದ್ದರೆ ಎರಡು ಬಗೆ, ಎರಡಿದ್ದರೆ ನಾಲ್ಕು, ಹತ್ತಾದರೆ 1024. “ಅಷ್ಟನ್ನೂ ಪರೀಕ್ಷೆ ಮಾಡೋನು ಯಾರು? ನಾನೊಬ್ಬ.” ಹಿಂದಿನ ಕಾಲದ ಟಚ್‌ಪ್ಯಾಡ್ ಡ್ರೈವರಿನಲ್ಲಿ ಇಂಥ ಆಪ್ಷನ್‌ಗಳು ಡಜನ್‌ಗಟ್ಟಲೆ ಇದ್ದವಂತೆ, ಒಂದನ್ನು ತಿರುಗಿಸಿದರೆ ಇನ್ನೊಂದು ಕೆಡುತ್ತಿತ್ತಂತೆ. ಸ್ಕ್ರೋಲ್ ಯಾವ ಕಡೆ ಹೋಗಬೇಕು ಎಂಬುದಕ್ಕೆ ಮಾತ್ರ ವಿನಾಯಿತಿ. 2011ರಲ್ಲಿ ಆಪಲ್ ತನ್ನ ಕಂಪ್ಯೂಟರುಗಳಲ್ಲಿ ದಿಕ್ಕು ತಿರುಗಿಸಿದಾಗಿನಿಂದ ಜಗತ್ತು ಎರಡು ಹೋಳಾಗಿದೆ, ಎರಡೂ ಹೋಳಿನವರು ಅವನ ಮನೆಯಲ್ಲೇ ಇದ್ದಾರೆ. ಉಳಿದದ್ದಕ್ಕೆಲ್ಲ “ಆಗೋದಿಲ್ಲ” ಎನ್ನುವುದನ್ನು ಎಷ್ಟು ಸೌಜನ್ಯದಿಂದ ಬರೆಯಬಹುದೋ ಅಷ್ಟೂ ವಿಧದಲ್ಲಿ ಬರೆದಿಟ್ಟುಕೊಂಡಿದ್ದಾನೆ. ಈ ಚಟ ಊಟಕ್ಕೂ ಹತ್ತಿದೆ. ಇವತ್ತು ಏನು ಪಲ್ಯ ಮಾಡಲಿ ಎಂದು ಹೆಂಡತಿ ಕೇಳಿದರೆ “ಡಿಫಾಲ್ಟ್ ಏನಿದೆಯೋ ಅದು” ಎನ್ನುತ್ತಾನೆ. ಆದ್ದರಿಂದ ಆ ಮನೆಯಲ್ಲಿ ವಾರದ ಬಹುಪಾಲು ಹುರುಳಿಕಾಯಿ.

ಅವನ ಪಾಂಡಿತ್ಯಕ್ಕೆ ಸರಿಜೋಡಿ ಸಿಕ್ಕಿದ್ದು ಒಂದೇ ಸಲ, ನಮ್ಮ ಸಂಬಂಧಿಕರ ಮನೆಯ ಮುಂಜಿಯಲ್ಲಿ. ಪಂಕ್ತಿಗೆ ಎಲೆ ಹಾಕುವ ಮುಂಚೆ ಪುರೋಹಿತರ ಪಕ್ಕ ಕೂತವನು ಮೌಸಿನ ಗಾಲಿಯ ವಿಷಯ ತೆಗೆದ. ಸಾಮಾನ್ಯ ಮೌಸಿನ ಗಾಲಿ ಒಂದು ಸುತ್ತಿಗೆ 24 ಸಲ ಟಕ್ ಎನ್ನುತ್ತದೆ, ಒಂದು ಟಕ್ಕಿಗೆ 15 ಡಿಗ್ರಿ. ಆದರೆ ವಿಂಡೋಸಿನಲ್ಲಿ ಮೈಕ್ರೋಸಾಫ್ಟಿನವರು ಒಂದು ಟಕ್ಕನ್ನು 1 ಎಂದು ಎಣಿಸದೆ 120 ಎಂದು ಎಣಿಸಿದರು. 120ನ್ನು ಎರಡು, ಮೂರು, ನಾಲ್ಕು, ಐದು, ಆರು, ಎಂಟು, ಹತ್ತು ಯಾವುದರಿಂದ ಬೇಕಾದರೂ ಭಾಗಿಸಬಹುದು. ಕಾಲು ಟಕ್ಕು, ಅರೆಟಕ್ಕು ಆಡುವ ನಯವಾದ ಗಾಲಿ ಬಂದರೂ ಭಿನ್ನರಾಶಿಯ ಕಾಟವಿಲ್ಲ. ಲಿನಕ್ಸಿನ ತಿರುಳಾದ ಕರ್ನಲ್ ಕೂಡ 2019ರ 5.0 ಆವೃತ್ತಿಯಲ್ಲಿ ಅದೇ ಸಂಖ್ಯೆಯನ್ನು ಒಪ್ಪಿಕೊಂಡಿತು. ಇದನ್ನೆಲ್ಲ ಕಣ್ಣರಳಿಸಿ ವಿವರಿಸಿದ. ಪುರೋಹಿತರು ತಾಂಬೂಲ ಒಂದು ಕೆನ್ನೆಗೆ ತಳ್ಳಿ, “ಆಗಲೇಬೇಕಲ್ಲ ಸ್ವಾಮಿ. ವಿಂಶೋತ್ತರಿ ದಶೆಯೂ ನೂರಿಪ್ಪತ್ತೇ ವರ್ಷ” ಎಂದರು. ಆಮೇಲೆ ಇಬ್ಬರನ್ನೂ ಊಟಕ್ಕೆ ಎಬ್ಬಿಸಲು ಮೂರು ಜನ ಬೇಕಾಯಿತು.

ಸಹಾಯಕ್ಕೆ ಒಬ್ಬರನ್ನು ಸೇರಿಸಿಕೊಳ್ಳಬಾರದೇ ಎಂದು ನಾದಿನಿ ಗೋಗರೆಯುತ್ತಾಳೆ. ಬೇಕೆಂಬುದು ಅವನಿಗೂ ಗೊತ್ತು, ಆದರೆ ಅಲ್ಲೊಂದು ಹೆದರಿಕೆ. 2014ರಲ್ಲಿ ಹಾರ್ಟ್‌ಬ್ಲೀಡ್ ದೋಷ ಬಯಲಾದಾಗ, ಆ ದೋಷವಿದ್ದ, ಜಗತ್ತಿನ ಎಷ್ಟೋ ಬ್ಯಾಂಕು ವಹಿವಾಟನ್ನು ಕಾಯುವ ಓಪನ್‌ಎಸ್‌ಎಸ್‌ಎಲ್‌ಗೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2000 ಡಾಲರ್ ಎಂಬುದೂ ಬಯಲಾಯಿತು. ಸಹಾಯಕ್ಕೆ ಬಂದವರ ಕಥೆ, ಅಂದರೆ 2024ರ ಎಕ್ಸ್‌ಝಡ್ ಎಂಬ ತಂತ್ರಾಂಶದ ಪ್ರಕರಣ, ಇನ್ನೂ ಘೋರ. ದಣಿದು ಕೂತ ಒಬ್ಬ ಮೇಂಟೇನರ್‌ಗೆ ಒಂದಿಷ್ಟು ಅನಾಮಿಕರು ನಿಧಾನವಾಯಿತೆಂದು ಬೈದರು, ಅದೇ ಹೊತ್ತಿಗೆ ಇನ್ನೊಬ್ಬ ಅನಾಮಿಕ ವರ್ಷಗಟ್ಟಲೆ ನಯವಾಗಿ ಸಹಾಯ ಮಾಡುತ್ತ ಒಳಗೆ ಸೇರಿಕೊಂಡ, ಕೊನೆಗೆ ಕಳ್ಳಬಾಗಿಲು ಇಟ್ಟ. ಲಾಗಿನ್ ಆಗಲು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಗೊಣಗಿಕೊಂಡು ಹುಡುಕಿದ್ದರಿಂದ ಸಿಕ್ಕಿಬಿತ್ತು. ಅಂದಿನಿಂದ ಯಾರಾದರೂ “ನಾನೂ ಕೈಜೋಡಿಸಲೇ?” ಎಂದರೆ ಷಡ್ಡಕನಿಗೆ ಮೊದಲು ಬರುವುದು ಸಂತೋಷವಲ್ಲ, ಸಂಶಯ. ಬೈಯುವವರ ಮೇಲೆ ಮಾತ್ರ ಪೂರ್ಣ ವಿಶ್ವಾಸವಿದೆ.

ಇಂಥವನ ಕಣ್ಣಲ್ಲಿ ನೀರು ತರಿಸಿದ್ದು ನಮ್ಮ ಮಾವನವರು. ಅವರು ನಿವೃತ್ತ ಶಿರಸ್ತೇದಾರರು, ಪತ್ರಿಕೆಗಳಿಗೆ ವಾಚಕರ ಪತ್ರ ಬರೆಯುವವರು. ಅಳಿಯ ಅವರ ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿ, ಅದರಲ್ಲಿರುವ ಕಗಪ ಕೀಲಿಮಣೆ ತೋರಿಸಿಕೊಟ್ಟಿದ್ದ. ಕೆ.ಪಿ. ರಾವ್ ಅವರ ವಿನ್ಯಾಸದ ಜಾಡಿನಲ್ಲೇ ಬಂದ, ನುಡಿ ತಂತ್ರಾಂಶ ಬಳಸಿದವರಿಗೆಲ್ಲ ಗೊತ್ತಿರುವ ಅದೇ ಕೀಲಿಮಣೆ. ಒಂದು ದಿನ ಮಾವನವರಿಂದ ಮಿಂಚಂಚೆ ಬಂತು. ಪಕ್ಕದ ಕೋಣೆಯಿಂದಲೇ.

“ಮಾನ್ಯರೇ, ವಿಷಯ: ಕೀಲಿಮಣೆಯ ಬಲಬದಿಯ ಶಿಫ್ಟ್ ಕೀಲಿ ನಿಷ್ಕ್ರಿಯವಾಗಿರುವ ಕುರಿತು. ಉಲ್ಲೇಖ: ಈ ದಿನ ಬೆಳಿಗ್ಗೆ ಕಾಫಿ ಸಮಯದಲ್ಲಿ ತಮ್ಮೊಂದಿಗೆ ನಡೆದ ಮೌಖಿಕ ಚರ್ಚೆ. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಬಲ ಶಿಫ್ಟ್ ಒತ್ತಿದಾಗ ಮಹಾಪ್ರಾಣ ಮೂಡುತ್ತಿಲ್ಲ. ಎಡ ಶಿಫ್ಟ್ ಒತ್ತಿದಾಗ ಮೂಡುತ್ತದೆ. ಇದರಿಂದಾಗಿ ‘ಖಂಡನೀಯ’ ಎಂದು ಬರೆಯಲು ಹೋದಲ್ಲಿ ‘ಕಂಡನೀಯ’ ಎಂದಾಗಿ ಪತ್ರದ ಗಾಂಭೀರ್ಯಕ್ಕೆ ಧಕ್ಕೆಯಾಗಿದೆ. ದೋಷವು ನಿನ್ನೆ ಸಂಜೆಯವರೆಗೆ ಇರಲಿಲ್ಲ. ಚಾರ್ಜರ್ ಹಾಕಿ ಹಾಗೂ ತೆಗೆದು ಎರಡೂ ರೀತಿ ಪರಿಶೀಲಿಸಲಾಗಿದೆ. ಯಂತ್ರದ ಮಾಡೆಲ್ ಮತ್ತು ಕ್ರಮಸಂಖ್ಯೆಯನ್ನು ಲಗತ್ತಿಸಿದೆ.”

ಷಡ್ಡಕ ಅದನ್ನು ಎರಡು ಸಲ ಓದಿದ. ಇಷ್ಟು ವರ್ಷಗಳಲ್ಲಿ ಮರುಪ್ರಶ್ನೆ ಕೇಳಬೇಕಿಲ್ಲದ ದೂರು ಬಂದದ್ದು ಇದೇ ಮೊದಲು ಎಂದ. ಕೀಲಿ ಎತ್ತಿ ನೋಡಿದರೆ ಕೆಳಗೆ ಚಕ್ಕುಲಿ ಚೂರು. ಹೆಂಡತಿಯ ಹೇರ್‌ಪಿನ್ನಿನಲ್ಲಿ ತೆಗೆದ. ಹತ್ತು ನಿಮಿಷದಲ್ಲಿ ಇನ್ನೊಂದು ಮಿಂಚಂಚೆ ಬಂತು: “ದೋಷ ನಿವಾರಣೆಯಾಗಿರುತ್ತದೆ. ಕಡತ ಮುಕ್ತಾಯಗೊಳಿಸಬಹುದು. ವಂದನೆಗಳು.” ಅದರ ಪ್ರಿಂಟ್ ತೆಗೆಸಿ ಮೇಜಿನ ಎದುರಿನ ಗೋಡೆಗೆ ಅಂಟಿಸಿಕೊಂಡಿದ್ದಾನೆ.

ಓದುಗರಲ್ಲಿ ಒಂದು ಅರಿಕೆ. ನಾಳೆ ನಿಮ್ಮ ಮೌಸು ಹಟ ಹಿಡಿದರೆ ಇಂಥವನೊಬ್ಬನಿಗೆ ಬರೆಯಿರಿ, ಸಂಕೋಚ ಬೇಡ. ಬರೆಯುವಾಗ ಮಾಡೆಲ್ ನಂಬರ್ ಹಾಕಿ, ಯಾವತ್ತಿನಿಂದ ಹೀಗಾಯಿತು ಎಂದು ತಿಳಿಸಿ, ಚಾರ್ಜರ್ ಹಾಕಿತ್ತೋ ಇಲ್ಲವೋ ಹೇಳಿ, ಸರಿಹೋದ ಮೇಲೆ ಸರಿಹೋಯಿತು ಎಂದು ಒಂದು ಸಾಲು ಕಳಿಸಿ. ಲ್ಯಾಪ್‌ಟಾಪಿನ ಬಣ್ಣ ಬೇಡ.