ನಿಮಿಷ ಮೀಮಾಂಸೆ: ಬಜ್ಪೆ ಮಾರ್ಗದ ಬಸ್ಸುಗಳನ್ನು ಕುರಿತು

ಮಂಗಳೂರಿನ ಸ್ಟೇಟ್ ಬ್ಯಾಂಕ್ ಎಂಬ ಕ್ಷೇತ್ರದಿಂದ ಹೊರಟು ಕೆಪಿಟಿ, ಯೆಯ್ಯಾಡಿ, ಬೊಂದೇಲ್, ಕಾವೂರು, ಮರವೂರು ದಾಟಿ ಬಜ್ಪೆ ಸೇರುವ ಮಾರ್ಗದ ಬಗ್ಗೆ ಇದುವರೆಗೆ ನಡೆದ ಪಾಂಡಿತ್ಯಪೂರ್ಣ ಚರ್ಚೆಯೆಲ್ಲ ಫುಟ್‌ಬೋರ್ಡಿನ ಮೇಲೆ, ಒಂದು ಕೈಯಲ್ಲಿ ಸರಳು ಹಿಡಿದುಕೊಂಡು ನಡೆದದ್ದು. ಕುಳಿತು ಚರ್ಚಿಸಿದವರಿಲ್ಲ. ಸೀಟು ಸಿಕ್ಕಿದವರು ನಿದ್ದೆ ಹೋಗಿದ್ದಾರೆ. ಆ ಕೊರತೆಯನ್ನು ನೀಗಲು ಈ ಪ್ರಬಂಧ. ಪೂರ್ವಸೂರಿಗಳು ಅಧಿಕರಣಕ್ಕೆ ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಪ್ರಯೋಜನ ಎಂದು ಐದು ಅಂಗ ಹೇಳಿದ್ದಾರೆ. ಐದನ್ನೂ ಹತ್ತಿಸಿಕೊಂಡೇ ಹೊರಟಿದ್ದೇನೆ. ಕಾವೂರಿನಲ್ಲಿ ರಶ್ ಜಾಸ್ತಿಯಾಗಿ ಒಂದು ಇಳಿದುಹೋದರೆ ಓದುಗರು ಮನ್ನಿಸಬೇಕು.

ವಿಷಯ ಇಷ್ಟು: ಮಾರ್ಗ ಒಂದು, ಮಾಲಕರು ಹಲವರು. ಇದಕ್ಕೆ ಚಾರಿತ್ರಿಕ ಕಾರಣ ಉಂಟು. ಮೈಸೂರು ಸರಕಾರ 1948ರಲ್ಲಿ 120 ಬಸ್ಸು ಇಟ್ಟುಕೊಂಡು ಸಾರಿಗೆಗೆ ಇಳಿದಾಗ ದಕ್ಷಿಣ ಕನ್ನಡ ಮದರಾಸಿನ ಕೈಯಲ್ಲಿತ್ತು. 1956ರಲ್ಲಿ ಜಿಲ್ಲೆ ಈ ಕಡೆಗೆ ಬಂತು, ಬಸ್ಸುಗಳು ಮಾಲಕರ ಹತ್ತಿರವೇ ಉಳಿದವು. 1961ರಲ್ಲಿ ಹುಟ್ಟಿದ ರಸ್ತೆ ಸಾರಿಗೆ ನಿಗಮ ಘಟ್ಟದ ಮೇಲೆ ಬೆಳೆದ ಹಾಗೆ ಕೆಳಗೆ ಬೆಳೆಯಲಿಲ್ಲ. ಹಾಗಾಗಿ ಘಟ್ಟದ ಮೇಲಿನವರು ಬಸ್ಸನ್ನು ಬಣ್ಣ ನೋಡಿ ಹತ್ತಿದರೆ ನಾವು ಹೆಸರು ನೋಡಿ ಹತ್ತುತ್ತೇವೆ. ಮುಂಗಾಜೇ ಈ ಪ್ರಾಂತ್ಯದ ಶಾಸನ. ನೆತ್ತಿಯಲ್ಲಿ ಇಷ್ಟದೈವ, ಅದರ ಕೆಳಗೆ ಮಾಲಕರ ಮಗಳ ಹೆಸರು, ಒಂದು ಬದಿಗೆ ನಂಬರು, ಇನ್ನೊಂದು ಬದಿಗೆ ಊರುಗಳ ಪಟ್ಟಿ, ಮೂಲೆಯಲ್ಲಿ ಒಣಗಿದ ಮಲ್ಲಿಗೆ ಮಾಲೆ. ಉಳಿದ ಜಾಗದಲ್ಲಿ ಡ್ರೈವರನಿಗೆ ಮಾರ್ಗ ಕಾಣಬೇಕು.

ಈ ಮಾರ್ಗದಲ್ಲಿ ಒಂದು ವಿಮಾನ ನಿಲ್ದಾಣವೂ ಉಂಟು. ಗುಡ್ಡದ ತಲೆ ಚಪ್ಪಟೆ ಮಾಡಿ ಕಟ್ಟಿದ ಅದು 1951ರ ಡಿಸೆಂಬರ್ 25ರಂದು ಶುರುವಾಯಿತು. ಆದರೆ ಬಸ್ಸಿನ ಬೋರ್ಡಿನಲ್ಲಿ ದೊಡ್ಡಕ್ಷರದಲ್ಲಿ ಇರುವುದು ಬಜ್ಪೆ, ಕಟೀಲು, ಕಿನ್ನಿಗೋಳಿ. ಕಟೀಲಮ್ಮನಿಗೆ ವರ್ಷವಿಡೀ ಜನ. ವಿಮಾನಕ್ಕೆ ಹೋಗುವವನು ವರ್ಷಕ್ಕೊಮ್ಮೆ ಬಂದರೆ ಬಂದ. ಹೊರಗಿನವರು ಇದನ್ನು ವಿಮಾನ ನಿಲ್ದಾಣದ ಬಸ್ ಮಾರ್ಗ ಎಂದು ಕರೆಯುವುದು ತರ್ಕಶಾಸ್ತ್ರದಲ್ಲಿ ಅವ್ಯಾಪ್ತಿ ದೋಷವಾಗುತ್ತದೆ. ಕಂಡಕ್ಟರನ ಶಾಸ್ತ್ರದಲ್ಲಿ ಅದು ಬರೀ ತಲೆಹರಟೆ.

ಇನ್ನು ಸಂಶಯ. ಟಿಕೇಟಿನ ದರ ಮಾಲಕ ಇಟ್ಟದ್ದಲ್ಲ, ಸರಕಾರ ಗೊತ್ತುಮಾಡಿದ್ದು. 1988ರ ಮೋಟಾರು ವಾಹನ ಕಾಯ್ದೆಯ 67ನೇ ಕಲಮಿನಲ್ಲಿ ಅದಕ್ಕೆ ಅಧಿಕಾರ ಉಂಟು. ಬಸ್ಸಿನ ಸಂಖ್ಯೆಯೂ ಮಾಲಕನ ಇಷ್ಟದ್ದಲ್ಲ, ಪ್ರಾದೇಶಿಕ ಸಾರಿಗೆ ಪ್ರಾಧಿಕಾರ ಕೊಟ್ಟ ಪರ್ಮಿಟ್ಟಿನದ್ದು. ಮಾರ್ಗ ಒಂದೇ, ದರ ಒಂದೇ, ಸೀಟಿನ ರೆಕ್ಸಿನ್ ಹರಿದ ಕ್ರಮವೂ ಹೆಚ್ಚುಕಡಿಮೆ ಒಂದೇ. ಹೀಗಿರುವಾಗ ಪದವಿನಂಗಡಿಯ ತಿರುವಿನಲ್ಲಿ ಎರಡು ಬಸ್ಸುಗಳು ಕನ್ನಡಿಗೆ ಕನ್ನಡಿ ತಾಗುವ ಹಾಗೆ ಸಾಗುವುದು ಯಾವ ಫಲದ ಅಪೇಕ್ಷೆಯಿಂದ?

ಪೂರ್ವಪಕ್ಷವನ್ನು ಮಂಡಿಸಲು ಯುರೋಪಿನಿಂದ ಇಬ್ಬರನ್ನೂ ಅಮೆರಿಕದಿಂದ ಒಬ್ಬನನ್ನೂ ಕರೆಸಬೇಕಾಗಿದೆ. 1838ರಲ್ಲಿ ಕೂರ್ನೋ ಎಂಬ ಫ್ರೆಂಚ್ ಗಣಿತಜ್ಞ ಖನಿಜ ಜಲದ ಎರಡು ಬುಗ್ಗೆಗಳ ಒಡೆಯರನ್ನು ಕಲ್ಪಿಸಿಕೊಂಡು, ಎಷ್ಟು ನೀರು ಮಾರುಕಟ್ಟೆಗೆ ಬಿಡಬೇಕು ಎಂಬುದರಲ್ಲಿ ಪೈಪೋಟಿ ನಡೆಯುತ್ತದೆ ಎಂದ. ಎಷ್ಟು ಬಸ್ಸು ಬಿಡಬೇಕೆಂದು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಸಭೆ ಕೂರುವ ಪದ್ಧತಿ ಅವನಿಗೆ ತಿಳಿಯದು. ಅವನನ್ನು ಲಾಲ್‌ಬಾಗಿನಲ್ಲೇ ಇಳಿಸಬಹುದು. 1883ರಲ್ಲಿ ಬರ್ಟ್ರಾಂಡ್ ಎಂಬವನು ಇದನ್ನು ಖಂಡಿಸಿ, ಪೈಪೋಟಿ ನಡೆಯುವುದು ದರದಲ್ಲಿ, ಒಬ್ಬ ಇಳಿಸಿದರೆ ಇನ್ನೊಬ್ಬ ಮತ್ತೂ ಇಳಿಸುತ್ತಾನೆ ಎಂದ. ನಮ್ಮಲ್ಲಿ ಇಳಿಸುವ ಅಧಿಕಾರವೇ ಇಲ್ಲದ್ದರಿಂದ ಈ ವಾದ ಬಹುಕಾಲ ನಗೆಪಾಟಲಾಗಿತ್ತು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು ಸರಕಾರಿ ಬಸ್ಸಿನಲ್ಲಿ ಹೆಂಗಸರ ಟಿಕೇಟು ಸೊನ್ನೆಗೆ ಇಳಿದಾಗ ಮಾತ್ರ ಪುಣ್ಯಾತ್ಮ ಒಂದು ದಿನದ ಮಟ್ಟಿಗೆ ಗೆದ್ದ. ಆಗಲೂ ಅವನ ಲೆಕ್ಕ ಪೂರ್ತಿ ಕೂಡಿಬರಲಿಲ್ಲ. ಸೊನ್ನೆಗಿಂತ ಕೆಳಗಿಳಿಸಿ ಸ್ಪರ್ಧಿಸುವುದು ಹೇಗೆಂದು ಖಾಸಗಿಯವರಿಗೆ ಅವನು ಹೇಳಿಕೊಟ್ಟಿಲ್ಲ. ಇತ್ತ ನಗರದ ಎಷ್ಟೋ ಸ್ಟಾಪುಗಳಲ್ಲಿ ಸೊನ್ನೆಯ ಬಸ್ಸು ಬರುವವರೆಗೆ ಕಾಯುವುದಕ್ಕಿಂತ ಕಾಸಿನ ಬಸ್ಸೇ ಲೇಸು ಎಂದು ಹೆಂಗಸರು ಹತ್ತಿಹೋದರು.

ಮೂರನೆಯವ ಹೊಟೆಲಿಂಗ್, 1929. ಒಂದು ಉದ್ದ ಬೀದಿ, ಅದರ ಉದ್ದಕ್ಕೂ ಗಿರಾಕಿಗಳು, ಇಬ್ಬರು ವ್ಯಾಪಾರಿಗಳು. ದೂರ ದೂರ ನಿಂತರೆ ಊರಿಗೆ ಅನುಕೂಲ; ಆದರೆ ಇಬ್ಬರೂ ಸರಿಯುತ್ತ ಸರಿಯುತ್ತ ನಡುಮಧ್ಯೆ ಒಬ್ಬರ ಪಕ್ಕ ಒಬ್ಬರು ಬಂದು ನಿಲ್ಲುತ್ತಾರೆ ಎಂದು ಆತ ತೋರಿಸಿದ. ಇವನು ನಮ್ಮವನು. ಇಪ್ಪತ್ತು ನಿಮಿಷ ಒಂದೂ ಬಸ್ಸಿಲ್ಲದೆ, ಆಮೇಲೆ ಒಂದರ ಬಾಲಕ್ಕೆ ಒಂದು ಅಂಟಿಕೊಂಡು ಎರಡು ಬರುವುದನ್ನು ಕಾವೂರಿನ ಸ್ಟಾಪಿನಲ್ಲಿ ಕೊಡೆ ಹಿಡಿದು ನಿಂತ ಯಾರನ್ನು ಕೇಳಿದರೂ ಹೇಳುತ್ತಾರೆ. ಹೊಟೆಲಿಂಗ್ ಮಾಡಿದ ಒಂದೇ ತಪ್ಪು, ವ್ಯಾಪಾರಿಗಳನ್ನು ಬೀದಿಯಲ್ಲಿ ನಿಲ್ಲಿಸಿದ್ದು. ಅವರಿಗೆ ಚಕ್ರ ಇಟ್ಟು, ಹಾರ್ನು ಕೊಟ್ಟು, ಬೀದಿಯ ಜಾಗದಲ್ಲಿ ಗಡಿಯಾರ ಇಟ್ಟರೆ ಸಿದ್ಧಾಂತ ತಾನಾಗಿ ಹೊರಡುತ್ತದೆ.

ಸಿದ್ಧಾಂತವೆಂದರೆ ಇದು: ಈ ಮಾರ್ಗದಲ್ಲಿ ಮಾರಾಟಕ್ಕಿರುವ ಸರಕು ಸೀಟಲ್ಲ, ನಿಮಿಷ. ಸ್ಟಾಪಿನಲ್ಲಿ ಜನ ಸೇರುವುದು ಹೊತ್ತು ಹೋದ ಹಾಗೆ. ಮುಂದಿನ ಬಸ್ಸು ಹೋಗಿ ಎಷ್ಟು ಹೊತ್ತಾಯಿತೋ ಅಷ್ಟು ಜನ ನಿಮ್ಮವರು. ಹಿಂದಿನ ಬಸ್ಸು ನಿಮ್ಮನ್ನು ಹಿಂದಿಕ್ಕಿದ ಕ್ಷಣದಿಂದ ಅವರೆಲ್ಲ ಅವನವರು. ಆದ್ದರಿಂದ ಜಾಣ ಚಾಲಕನಿಗೆ ಎರಡೇ ಗತಿಗಳು. ಹಿಂದೆ ಯಾರೂ ಇಲ್ಲದಿದ್ದರೆ ಮಂದಗತಿ: ಹಂಪನಕಟ್ಟೆಯಲ್ಲಿ ಬಸ್ಸು ನಿಂತಿದೆಯೋ ಹೋಗುತ್ತಿದೆಯೋ ಎಂದು ನ್ಯಾಯಾಧೀಶರಿಗೂ ತೀರ್ಪು ಕೊಡಲಾಗದ ಹಾಗೆ ಎಳೆಯುವುದು. ಕಂಡಕ್ಟರ್ ಇಳಿದು ಪಕ್ಕದಲ್ಲಿ ನಡೆಯುತ್ತ, ಎದುರು ಬದಿಯಲ್ಲಿ ತರಕಾರಿ ಕೊಳ್ಳುತ್ತಿರುವವರನ್ನೂ "ಬಜ್ಪೆ, ಬಜ್ಪೆ, ಬಲೆ ಬಲೆ" ಎಂದು ಕರೆಯುತ್ತಾನೆ. ಕನ್ನಡಿಯಲ್ಲಿ ಇನ್ನೊಂದು ಮುಂಗಾಜು ಕಂಡಿತೋ, ದ್ರುತಗತಿ. ಸೀಟಿಯ ಒಂದೇ ಉಸಿರು, "ರೈಟ್, ಪೋಯಿ!" ಅಲ್ಲಿಂದ ಮುಂದೆ ಇಳಿಯುವವರು ತಮ್ಮ ಜವಾಬ್ದಾರಿಯಲ್ಲಿ ಇಳಿಯಬೇಕು. ಒಂದೇ ಬಸ್ಸು, ಒಂದೇ ಡ್ರೈವರು, ಅರ್ಧ ದಾರಿ ಆಮೆ ಅರ್ಧ ದಾರಿ ಮೊಲ. ಬೈಯುವವರು ಬರೀ ಮೊಲವನ್ನು ಬೈಯುತ್ತಾರೆ. ಅಸಲು ವ್ಯಾಪಾರ ನಡೆಯುವುದು ಆಮೆಯಲ್ಲಿ ಎಂಬುದು ಈ ಪ್ರಬಂಧಕಾರನ ವಿನಮ್ರ ಶೋಧ.

ನಿಮಿಷಕ್ಕೆ ಬೆಲೆ ಬಂದ ಮೇಲೆ ಅದನ್ನು ಅಳೆಯುವವನಿಗೂ ಬೆಲೆ ಬರಬೇಕಷ್ಟೆ. ಅವನೇ ಟೈಮ್ ಕೀಪರ್. ಚಿಲಿ ದೇಶದ ಸಾಂತಿಯಾಗೋದಲ್ಲಿ, 2007ರಲ್ಲಿ ಹಳೆಯ ವ್ಯವಸ್ಥೆ ಬದಲಾಗುವ ಮೊದಲು, ಇಂಥವರನ್ನು ಕಪ್ಪೆಗಳೆಂದು ಕರೆಯುತ್ತಿದ್ದರು. ರಸ್ತೆ ಬದಿಯಲ್ಲಿ ಕೂತು, ಮುಂದಿನ ಬಸ್ಸು ಹೋಗಿ ಎಷ್ಟು ನಿಮಿಷವಾಯಿತೆಂದು ಬರೆದಿಟ್ಟು ಡ್ರೈವರುಗಳಿಗೆ ಚಿಲ್ಲರೆಗೆ ಮಾರುವ ಕಸುಬು. ಅಲ್ಲಿಯೂ ಡ್ರೈವರನ ಸಂಪಾದನೆ ಹತ್ತಿದ ತಲೆ ಲೆಕ್ಕದಲ್ಲಿತ್ತು. ಇಲ್ಲಿಯೂ ಭತ್ಯೆ ಏರುವುದು ಕಲೆಕ್ಷನ್ ನೋಡಿ. ಆದರೆ ಕಪ್ಪೆಯೊಡನೆ ಯಾರೂ ವಾದ ಮಾಡುತ್ತಿರಲಿಲ್ಲ. ನಮ್ಮ ಟೈಮ್ ಕೀಪರನೊಡನೆ ವಾದವೇ ದಿನಚರಿ. ತುಳುವಿನಲ್ಲಿ ನಡೆಯುವ ಶಾಸ್ತ್ರಾರ್ಥದ ತಾತ್ಪರ್ಯ ಸುಮಾರಾಗಿ ಹೀಗೆ:

"ನಿನ್ನ ಟೈಮ್ ಹತ್ತು ಹದಿನೇಳು. ಈಗ ಎಷ್ಟಾಯ್ತು?"

"ಹದಿನೇಳೇ."

"ಹದಿನೆಂಟು ಆಗಿ ಮುಳ್ಳು ಮುಂದೆ ಹೋಯ್ತು ಮಾರಾಯ. ಹಿಂದಿನವನ ಹೊಟ್ಟೆಗೆ ಯಾಕೆ ಹೊಡೀತಿ?"

"ಅವ ನಿನ್ನೆ ನನ್ನ ಎರಡು ನಿಮಿಷ ತಿಂದಿದ್ದಾನೆ. ಅದನ್ನು ಯಾರು ಕೊಡುವುದು? ನಿಮ್ಮ ವಾಚೂ ಅವನದ್ದೇ ಪಾರ್ಟಿ."

ನಿನ್ನೆ ಕಳೆದ ನಿಮಿಷ ಸಾಲವಾಗಿ ಉಳಿಯುತ್ತದೆ, ಅದಕ್ಕೆ ಬಡ್ಡಿ ಬೆಳೆಯುತ್ತದೆ, ಬೊಂದೇಲಿನಲ್ಲಿ ಬಸ್ಸು ಅಡ್ಡ ನಿಲ್ಲಿಸಿ ವಸೂಲಿ ಮಾಡಬಹುದು ಎಂಬ ಕಲ್ಪನೆ ನ್ಯೂಟನ್‌ನಿಗೂ ಹೊಳೆದಿರಲಿಲ್ಲ. ವಸೂಲಾತಿಯ ಹೊತ್ತಿಗೆ ಎರಡೂ ಬಸ್ಸಿನ ಪ್ರಯಾಣಿಕರು ಕಿಟಕಿಯಿಂದ ತಲೆ ಹೊರಗೆ ಹಾಕಿ ಪಕ್ಷ ವಹಿಸುತ್ತಾರೆ. ಹತ್ತಿದ ಬಸ್ಸಿನ ಪಕ್ಷವೇ ಪಕ್ಷ. ಇಳಿದ ಮೇಲೆ ಪಕ್ಷಾಂತರಕ್ಕೆ ಅಡ್ಡಿಯಿಲ್ಲ.

ಇಷ್ಟು ಕಾದಾಡುವವರು ಒಂದಾಗುವುದೂ ಉಂಟು. ಕೇಂದ್ರದ ನರ್ಮ್ ಯೋಜನೆಯಲ್ಲಿ ಸರಕಾರಿ ಸಿಟಿ ಬಸ್ಸುಗಳು ಬರುತ್ತವೆ ಎಂದಾಗ ನಿಮಿಷಕ್ಕೆ ನಿಮಿಷ ಲೆಕ್ಕ ಹಾಕುತ್ತಿದ್ದ ಮಾಲಕರೆಲ್ಲ ಒಂದೇ ಬೆಂಚಿನಲ್ಲಿ ಕೂತು ಒಂದೇ ದನಿಯಲ್ಲಿ ಆಕ್ಷೇಪ ಸಲ್ಲಿಸಿದರು. ಪರ್ಮಿಟ್ಟಿನ ಜಗಳ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ಪರ್ಮಿಟ್ ಕೇಳಿ ಬಂದ ಅರ್ಜಿಯನ್ನು ಸಾಮಾನ್ಯವಾಗಿ ನಿರಾಕರಿಸಬಾರದು ಎನ್ನುತ್ತದೆ ಅದೇ ಕಾಯ್ದೆಯ 80ನೇ ಕಲಮು. ಆ 'ಸಾಮಾನ್ಯವಾಗಿ' ಎಂಬಲ್ಲಿ ಎಷ್ಟು ವಕೀಲರು ಸಂಸಾರ ಹೂಡಿದ್ದಾರೋ! ನಿಷ್ಪಕ್ಷಪಾತವಾಗಿ ಹೇಳುವುದಾದರೆ ಖಾಸಗಿಯವರ ಅಳಲೂ ಸುಳ್ಳಲ್ಲ. ಡೀಸೆಲಿನ ದರ ಏರಿದ ಕೂಡಲೇ ಟಿಕೇಟು ಏರಿಸುವ ಹಾಗಿಲ್ಲ, ಶಾಲೆಯ ಮಕ್ಕಳಿಗೆ ರಿಯಾಯಿತಿ ಕೊಡಬೇಕು, ತೆರಿಗೆ ಕಟ್ಟಬೇಕು. ಈ ಮೂರನ್ನೂ ಸರಿದೂಗಿಸಲು ಮಾಲಕನ ಕೈಯಲ್ಲಿ ಉಳಿದಿರುವ ಒಂದೇ ಒಂದು ಸಾಧನ ಎಕ್ಸಲರೇಟರು. ಅದೂ ಅವನ ಕಾಲ ಕೆಳಗಿಲ್ಲ.

ಈ ಮೀಮಾಂಸೆಯಲ್ಲಿ ಸೂಟ್‌ಕೇಸಿನವನ ಸ್ಥಾನವೇನು? ಪ್ರಯಾಣಿಕರಲ್ಲಿ ಮೂರು ವರ್ಗ. ಚಲಿಸುತ್ತಿರುವ ಬಸ್ಸಿಗೆ ಹತ್ತಿ, ಸರಿಯಾದ ಚಿಲ್ಲರೆ ಕೊಟ್ಟು, ಮುಂದಿನ ಸ್ಟಾಪಿನಲ್ಲಿ ಚಲಿಸುತ್ತಿರುವಾಗಲೇ ಇಳಿಯುವವನು ಉತ್ತಮ. "ಒಳಗೆ ಹೋಗಿ, ಒಳಗೆ ಫುಟ್‌ಬಾಲ್ ಆಡುವಷ್ಟು ಜಾಗ ಉಂಟು" ಎಂದಾಗ ನಂಬಿ ಒಳಗೆ ಹೋಗುವವನು ಮಧ್ಯಮ. ಎರಡು ಕೈಯಲ್ಲೂ ಪೆಟ್ಟಿಗೆ ಹಿಡಿದು ಮೆಟ್ಟಿಲಲ್ಲಿ ನಿಂತು "ಇದು ಏರ್‌ಪೋರ್ಟಿಗೆ ಹೋಗ್ತದಾ?" ಎಂದು ಕೇಳುವವನು ಅಧಮ. ಅವನ ಪೆಟ್ಟಿಗೆ ಇಬ್ಬರು ನಿಲ್ಲುವ ಜಾಗ ತಿನ್ನುತ್ತದೆ. ಹತ್ತಿಸಲು ಒಂದು ನಿಮಿಷ, ಇಳಿಸಲು ಒಂದು ನಿಮಿಷ. ಎರಡು ನಿಮಿಷವೆಂದರೆ ಹಿಂದಿನ ಬಸ್ಸು ಮುಂದಿನ ಬಸ್ಸಾಗುತ್ತದೆ, ಮರವೂರಿನ ಜನರೆಲ್ಲ ಅದರ ಪಾಲು. ಕಂಡಕ್ಟರ್ "ಹಿಂದೆ ಇನ್ನೊಂದು ಬಸ್ಸು ಖಾಲಿ ಉಂಟು" ಎನ್ನುವುದು ಇಂಥವನಿಗೆ ಮಾತ್ರ. ಹೀಗೆ ವಿಮಾನ ನಿಲ್ದಾಣದ ಮಾರ್ಗದಲ್ಲಿ ನಡೆಯುವ ಘೋರ ಪೈಪೋಟಿಯಲ್ಲಿ ಯಾರೂ ಯಾರಿಂದಲೂ ಕಸಿದುಕೊಳ್ಳಲು ಇಷ್ಟಪಡದ ಒಬ್ಬನೇ ಪ್ರಯಾಣಿಕನೆಂದರೆ ವಿಮಾನ ನಿಲ್ದಾಣಕ್ಕೆ ಹೋಗುವವನು. ಸಿದ್ಧಾಂತದ ಎರಡನೇ ಸೂತ್ರ ಇದು.

ಸಾಧರ್ಮ್ಯ ವೈಧರ್ಮ್ಯಗಳಿಗಾಗಿ ಬೆಂಗಳೂರನ್ನು ನೋಡಿ. 2008ರ ಮೇ 24ರಂದು ವಿಮಾನಗಳು ದೇವನಹಳ್ಳಿಯ ಕಡೆಗೆ ಹೋದವು. ನಗರದೊಳಗಿಂದ ಅಲ್ಲಿಗೆ ಬಿಎಂಟಿಸಿಯ ವಾಯುವಜ್ರ, ಎದುರಾಳಿ ಬಸ್ಸಿನ ಕಂಪನಿಯೇ ಇಲ್ಲ. ಅಲ್ಲಿ ಪೆಟ್ಟಿಗೆಗೆ ಬೇರೆ ಜಾಗ, ಮನುಷ್ಯನಿಗೆ ತಣ್ಣಗಿನ ಗಾಳಿ, ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ಧ್ಯಾನಕ್ಕೆ ಬೇಕಷ್ಟು ಬಿಡುವು. ಸ್ಪರ್ಧೆ ಹೆಚ್ಚಿದಷ್ಟೂ ಪೆಟ್ಟಿಗೆಗೆ ಮರ್ಯಾದೆ ಕಡಿಮೆ ಎಂಬ ವ್ಯಸ್ತಾನುಪಾತ ಇದರಿಂದ ಸಿದ್ಧವಾಗುತ್ತದೆ. ಅರ್ಥಶಾಸ್ತ್ರದ ಪಠ್ಯಪುಸ್ತಕಗಳು ಇದಕ್ಕೆ ತದ್ವಿರುದ್ಧ ಹೇಳುತ್ತವೆ. ಅವುಗಳನ್ನು ಬರೆದವರು ಟ್ಯಾಕ್ಸಿಯಲ್ಲಿ ಹೋಗುವವರು.

2021ರ ಜೂನಿನಲ್ಲಿ ಮರವೂರಿನ ಸೇತುವೆ ಕುಸಿದು ಮಾರ್ಗ ಮುಚ್ಚಿದಾಗ ಈ ಸಿದ್ಧಾಂತಕ್ಕೆ ತಾನಾಗಿ ಒಂದು ಪರೀಕ್ಷೆ ಒದಗಿತು. ಫಲ್ಗುಣಿ ನದಿಯ ಈಚೆ ಬದಿ ಈಚೆಗೆ, ಆಚೆ ಬದಿ ಆಚೆಗೆ. ಗುರುಪುರ, ಕೈಕಂಬ ಸುತ್ತಿ ಹೋಗಬೇಕಾಗಿ ಬಂದಾಗ ನಿಮಿಷದ ವ್ಯವಹಾರಕ್ಕೇ ಅರ್ಥ ಉಳಿಯಲಿಲ್ಲ. ಸುತ್ತು ದೊಡ್ಡದಾದ ಮೇಲೆ ಒಂದು ನಿಮಿಷ ಚಿಲ್ಲರೆ.

ಉಳಿದದ್ದು ಪ್ರಯೋಜನ. ವಿಮಾನಕ್ಕೆ ಹೋಗುವವರು ಬಸ್ಸನ್ನೇ ನೆಚ್ಚುವುದಾದರೆ ಒಂದು ವಿಷಯ ತಿಳಿದಿರಬೇಕು. 2010ರಲ್ಲಿ ಹೊಸ ಟರ್ಮಿನಲ್ ಆದ ಮೇಲೆ ಇಳಿಯಬೇಕಾದದ್ದು ಬಜ್ಪೆ ಪೇಟೆಯಲ್ಲಲ್ಲ, ಅದಕ್ಕೂ ಮೊದಲೇ ಸಿಗುವ ಕೆಂಜಾರಿನಲ್ಲಿ. ಬಸ್ಸು ಗುಡ್ಡದ ಬುಡದಲ್ಲಿ ಬಿಟ್ಟು ಹೋಗುತ್ತದೆ, ವಿಮಾನ ಗುಡ್ಡದ ಮೇಲೆ. ಸ್ಟೇಟ್ ಬ್ಯಾಂಕಿನಿಂದ ಇಲ್ಲಿಯವರೆಗೆ ಹಾದಿಯುದ್ದಕ್ಕೂ ನಿಮಗಾಗಿ ಅಲ್ಲದಿದ್ದರೂ ನಿಮ್ಮ ಸುತ್ತ ನಡೆದ ಪೈಪೋಟಿ ಇಲ್ಲಿ ಒಮ್ಮೆಲೇ ಮುಗಿದುಹೋಗುತ್ತದೆ. ಧೂಳು ಇಳಿದ ಮೇಲೆ ಮರದ ನೆರಳಿನಲ್ಲಿ ಒಂದೇ ಒಂದು ರಿಕ್ಷಾ ಕಾಣುತ್ತದೆ. ಡ್ರೈವರ್ ಮೊದಲು ಪೆಟ್ಟಿಗೆಯನ್ನು ನೋಡುತ್ತಾನೆ, ಆಮೇಲೆ ಏರುದಾರಿಯನ್ನು, ಕೊನೆಗೆ ನಿಮ್ಮ ಮುಖವನ್ನು. ದರ ಹೇಳುತ್ತಾನೆ. ಅದು ಇಷ್ಟು ದೂರದ ಬಸ್ಸಿನ ಟಿಕೇಟಿಗಿಂತ ಎಷ್ಟೋ ಪಾಲು ಜಾಸ್ತಿ.

"ಇಷ್ಟು ಹತ್ತಿರಕ್ಕೆ ಅಷ್ಟಾ? ಇಲ್ಲಿ ಕಾಂಪಿಟಿಷನ್ ಇಲ್ವಾ ಮಾರಾಯ್ರೆ?"

"ಉಂಟಲ್ಲ. ನಡ್ಕೊಂಡು ಹೋಗ್ಲಿಕ್ಕೆ ಆಗ್ತದೆ."