ಕೋಗಿಲು ಕ್ರಾಸಿನ ಸಿಂಗಲ್ ಓನರ್

ಸಚಿವರಾಗಲಿರುವವರನ್ನೂ ಸಚಿವಪದವಿಯಿಂದ ಚ್ಯುತರಾದವರನ್ನೂ ಸಂದರ್ಶಿಸಿ ಅವರ ಉಕ್ತಿಗಳನ್ನು ಅಚ್ಚು ಹಾಕಿಸುವ ಪದ್ಧತಿ ನಮ್ಮಲ್ಲಿ ಬಹುಕಾಲದಿಂದ ರೂಢಮೂಲವಾಗಿದೆ. ಆದರೆ ನಮ್ಮನ್ನು ನಿಜವಾಗಿಯೂ ಹೊತ್ತು ತಿರುಗುವ ವಾಹನಗಳ ಅಭಿಪ್ರಾಯವನ್ನು ಯಾರಾದರೂ ವಿಚಾರಿಸಿದ್ದುಂಟೆಂದು ನಾನು ಕೇಳಿಲ್ಲ. ಈ ಲೋಪವನ್ನು ಕಿಂಚಿತ್ತಾದರೂ ಪರಿಹರಿಸುವ ಅವಕಾಶ ನನಗೆ ಒದಗಿದ್ದು ನನ್ನ ಸೋದರಳಿಯನ ದೆಸೆಯಿಂದ. ಅವನಿಗೆ ಎಲ್‌ಎಲ್‌ಆರ್ ಬಂದೊಡನೆ ಮನೆಯ ಹಿರಿಯರೆಲ್ಲರೂ ಸಭೆ ಸೇರಿ, ಹೊಸದಾಗಿ ಕಲಿಯುವವನಿಗೆ ಹೊಸ ಕಾರು ಕೊಡಿಸುವುದು ಅವಿವೇಕವೆಂದೂ, ಉಜ್ಜಿದರೂ ಗುದ್ದಿದರೂ ಕಣ್ಣಲ್ಲಿ ನೀರು ಬಾರದಂಥ ಹಳೆಯದೊಂದನ್ನು ಲಕ್ಷ ರೂಪಾಯಿಯೊಳಗೆ ಹುಡುಕತಕ್ಕದ್ದೆಂದೂ ಸರ್ವಾನುಮತದಿಂದ ನಿರ್ಣಯಿಸಿದ್ದರು. ಕಾರುಗಳ ವಿಷಯದಲ್ಲಿ ನನ್ನ ಜ್ಞಾನವೆಲ್ಲವೂ ಹಿಂದಿನ ಸೀಟಿನಲ್ಲಿ ಕುಳಿತು ಸಂಪಾದಿಸಿದ್ದಾದುದರಿಂದ, ನನ್ನನ್ನು ನಿಷ್ಪಕ್ಷಪಾತಿಯೆಂದು ಬಗೆದು ಅವನ ಜೊತೆಗೆ ಕಳುಹಿದರು.

ಬಳ್ಳಾರಿ ರಸ್ತೆಯಲ್ಲಿ ವಿಮಾನನಿಲ್ದಾಣದ ಕಡೆಗೆ ಧಾವಿಸುವವರು ಕೋಗಿಲು ಕ್ರಾಸನ್ನು ಕಣ್ಣೆತ್ತಿ ನೋಡುವುದು ಅಪರೂಪ. ಅಲ್ಲಿಂದ ಹಳೆಯ ಊರಿನ ಕಡೆಗೆ ತಿರುಗಿದರೆ, ಮನೆ ಕಟ್ಟಲು ಒಡೆಯನಿಗೆ ಇನ್ನೂ ಸಾಲ ಮಂಜೂರಾಗಿರದ ಖಾಲಿ ಸೈಟೊಂದರಲ್ಲಿ, ಹೊಂಗೆಯ ಮರದ ನೆರಳಿಗೆ ಏಳೆಂಟು ಹಳೆಯ ಕಾರುಗಳು ಮಾರಾಟಕ್ಕೆ ನಿಂತಿದ್ದವು. ದಲ್ಲಾಳಿಯು ನನ್ನ ಸೋದರಳಿಯನಿಗೆ ಹೊಳೆಯುವ ಚಕ್ರಗಳ ವಾಹನವೊಂದನ್ನು ತೋರಿಸಲು ಆಚೆಯ ಮೂಲೆಗೆ ಕರೆದೊಯ್ದನು. ಒಂದು ಕಾಲಕ್ಕೆ ಬಿಳಿಯದಾಗಿದ್ದ ಮಾರುತಿ 800 ಒಂದರ ಮುಂದೆ ನಾನು ಉಳಿದೆನು. ಅದರ ಮುಂಗಾಜಿನ ಮೇಲೆ ‘2004 ಮಾಡೆಲ್, ಸಿಂಗಲ್ ಓನರ್’ ಎಂದು ಬರೆದಿತ್ತು.

ನಾನು: ತಾಯಿ, ಮೊದಲು ತಮ್ಮ ಪೂರ್ವೋತ್ತರವನ್ನು ತಿಳಿಸುವ ಕೃಪೆಮಾಡಬೇಕು.

ಕಾರು: ಅಷ್ಟು ಗೌರವದಿಂದ ಕೇಳಿದವರು ತಾವೇ ಮೊದಲಿಗರು, ಸ್ವಾಮಿ, ಉಳಿದವರು ಚಕ್ರಕ್ಕೆ ಕಾಲಿನಿಂದ ಒದ್ದು ಮಾತು ಆರಂಭಿಸುವರು. ನಮ್ಮ ಕುಲದ ಪ್ರಥಮ ಸಂತಾನದ ಬೀಗದ ಕೈಯನ್ನು 1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿಯವರು ಸ್ವಹಸ್ತದಿಂದ ದೆಹಲಿಯ ಹರ್ಪಾಲ್ ಸಿಂಗ್ ಎಂಬುವರಿಗೆ ಕೊಟ್ಟರು. ಆಗ ನಮ್ಮ ಬೆಲೆ 47,500 ರೂಪಾಯಿ. ಈ ದಲ್ಲಾಳಿ ಇಂದು ನನಗೆ ಕಟ್ಟಿರುವ ಬೆಲೆ ಅದಕ್ಕಿಂತ ಕೊಂಚ ಹೆಚ್ಚೇ ಇರುವುದರಿಂದ, ಇಷ್ಟು ವರ್ಷಗಳಲ್ಲಿ ಸವೆದದ್ದು ರೂಪಾಯಿಯೇ ಹೊರತು ನಾನಲ್ಲವೆಂದು ಸಮಾಧಾನ ತಂದುಕೊಂಡಿದ್ದೇನೆ. 2010ರ ಏಪ್ರಿಲಿನಲ್ಲಿ ಹೊಗೆಯ ಹೊಸ ನಿಯಮ ಬಂದು ಬೆಂಗಳೂರಿನಲ್ಲಿ ನಮ್ಮ ಮಾರಾಟ ನಿಂತಿತು. 2014ರ ಜನವರಿಯಲ್ಲಿ ವಂಶವೇ ನಿಂತಿತು. ಆದರೂ ಜೆ.ಸಿ. ರಸ್ತೆಯಲ್ಲಿ ನನ್ನ ಅಂಗಾಂಗಗಳು ಇಂದಿಗೂ ದೊರೆಯುತ್ತವೆ.

ನಾನು: ತಮ್ಮ ಹಣೆಯ ಮೇಲೆ ‘ಸಿಂಗಲ್ ಓನರ್’ ಎಂದಿದೆ. ಇಷ್ಟು ದೀರ್ಘಾಯುಷ್ಯದಲ್ಲಿ ಒಬ್ಬನೇ ಒಡೆಯನ ಬಳಿ ಇದ್ದದ್ದು ಪ್ರಶಂಸನೀಯ.

ಕಾರು: ನಾಲ್ವರ ಬಳಿ ಇದ್ದೆ. ಮೊದಲನೆಯವರು ಯಲಹಂಕದ ರೈಲುಗಾಲಿ ಕಾರ್ಖಾನೆಯ ಸಜ್ಜನರು. ಹಗಲೆಲ್ಲ ರೈಲಿನ ಮಹಾಚಕ್ರಗಳ ನಡುವೆ ದುಡಿದು, ಸಂಜೆ ನನ್ನ ಹನ್ನೆರಡಂಗುಲದ ಚಕ್ರಗಳನ್ನು ಕಂಡು ಮುಗುಳುನಗುತ್ತಿದ್ದರು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನನಿಲ್ದಾಣ ತೆರೆದ ಮೇಲೆ ಸೈಟು ತೋರಿಸುವವರೊಬ್ಬರು ನನ್ನನ್ನು ಕೊಂಡು, ದ್ರಾಕ್ಷಿಯ ತೋಟಗಳ ಮಣ್ಣುದಾರಿಗಳಲ್ಲಿ ಗಿರಾಕಿಗಳನ್ನು ಕೂರಿಸಿಕೊಂಡು ಅಲೆದಾಡಿ, ಕಮಿಷನ್ ಕೈಗೆ ಬಂದೊಡನೆ ದೊಡ್ಡ ಗಾಡಿಯನ್ನು ಏರಿ ಹೋದರು. ಮೂರನೆಯವರು ಅಡುಗೆಯ ಕಂಟ್ರಾಕ್ಟಿನವರು. ಮಳೆಗಾಲದಲ್ಲಿ ನನ್ನ ಹಿಂದಿನ ಸೀಟಿನಿಂದ ಇಂಗಿನ ಪರಿಮಳವು ಈಗಲೂ ಏಳುವುದುಂಟು. ನಾಲ್ಕನೆಯವರು ಮಗ ಕಲಿಯಲೆಂದು ಕೊಂಡರು. ಆ ಬಾಲಕನು ಹೆಬ್ಬಾಳದ ಮೇಲ್ಸೇತುವೆಯ ಏರಿನಲ್ಲಿ ಹಾಫ್ ಕ್ಲಚ್ಚಿನಲ್ಲಿಯೇ ನಿಂತು ನಿಂತು ನನ್ನ ಕ್ಲಚ್ ಪ್ಲೇಟನ್ನು ಹೋಮಮಾಡಿದನು.

ನಾನು: ಹಾಗಾದರೆ ಈ ಬರಹ ಅಸತ್ಯವಲ್ಲವೆ?

ಕಾರು: ಶುದ್ಧ ಸತ್ಯ. ಆರ್‌ಸಿಯಲ್ಲಿ ಇರುವುದು ಇಂದಿಗೂ ಮೊದಲನೆಯವರ ಹೆಸರೇ. ಅವರು ನನ್ನನ್ನು ಮಾರುವಾಗ ದಲ್ಲಾಳಿಯು ಒಡೆತನ ವರ್ಗಾವಣೆಯ 29 ಮತ್ತು 30ನೆಯ ನಮೂನೆಗಳ ಖಾಲಿ ಹಾಳೆಗಳಿಗೆ ಸಹಿ ಹಾಕಿಸಿಕೊಂಡು, ‘ಉಳಿದದ್ದೆಲ್ಲ ನಾವು ನೋಡ್ಕೋತೀವಿ ಸಾರ್’ ಎಂದಿದ್ದನು. ಮಾರಿದವನು ಹದಿನಾಲ್ಕು ದಿನಗಳೊಳಗೆ, ಕೊಂಡವನು ಮೂವತ್ತು ದಿನಗಳೊಳಗೆ ಆರ್‌ಟಿಓಗೆ ತಿಳಿಸತಕ್ಕದ್ದೆಂದು ಕಾನೂನು ಹೇಳುತ್ತದೆ. ಆದರೆ ಆ ಹಾಳೆಗಳು ಕೈಯಿಂದ ಕೈಗೆ ದಾಟುತ್ತ ನನ್ನ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿಯೇ ಮುಪ್ಪಾದವು. ಹದಿನೈದು ವರ್ಷ ತುಂಬಿದಾಗ ಮತ್ತೆ ರಿಜಿಸ್ಟ್ರೇಷನ್ ಆದದ್ದೂ ಅವರ ಹೆಸರಿನಲ್ಲಿಯೇ. ಮೇಖ್ರಿ ಸರ್ಕಲಿನಲ್ಲಿ ಆ ಬಾಲಕನು ಕೆಂಪುದೀಪವನ್ನು ದಾಟಿದ್ದಕ್ಕೆ ನೋಟೀಸು ಹೋದದ್ದೂ ನಿವೃತ್ತರಾಗಿ ಮನೆಯಲ್ಲಿ ಭಗವದ್ಗೀತೆ ಓದುತ್ತಿದ್ದ ಆ ಸಜ್ಜನರಿಗೇ. 2023ರ ಫೆಬ್ರವರಿಯಲ್ಲಿ ಬಾಕಿ ದಂಡಗಳಿಗೆ ಅರ್ಧ ರಿಯಾಯಿತಿ ಘೋಷಿತವಾದಾಗ ಅವರು ತಾವು ಮಾಡದ ಅಪರಾಧಗಳಿಗೆ ಅರ್ಧ ಬೆಲೆ ತೆತ್ತು ಧನ್ಯರಾದರು. ದಾಖಲೆಯಲ್ಲಿ ಯಾರ ಹೆಸರಿದೆಯೋ ಆತನೇ ಒಡೆಯ, ಅಪಘಾತವಾದರೆ ಪರಿಹಾರದ ಹೊಣೆಯೂ ಆತನದೇ ಎಂದು 2018ರಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಿರುವುದನ್ನು ಯಾರೂ ಅವರಿಗೆ ಇನ್ನೂ ತಿಳಿಸಿಲ್ಲ. ವೃದ್ಧರು, ರಕ್ತದೊತ್ತಡ ಬೇರೆ ಇದೆ.

ಅಷ್ಟರಲ್ಲಿ ಯಲಹಂಕದ ವಾಯುನೆಲೆಯಿಂದ ವಿಮಾನವೊಂದು ಮೇಲೆದ್ದು ತಲೆಯ ಮೇಲೆ ಗರ್ಜಿಸಿತು. ಮುದಿ ಕಾರು ಅದು ಮರೆಯಾಗುವವರೆಗೆ ಸುಮ್ಮನಿತ್ತು. ತನಗಿಂತ ಹೆಚ್ಚು ಸದ್ದು ಮಾಡುವವರೊಡನೆ ಸ್ಪರ್ಧಿಸುವ ಅಭ್ಯಾಸ ಅದಕ್ಕಿರಲಿಲ್ಲ.

ನಾನು: ಮೀಟರಿನಲ್ಲಿ ಕೇವಲ 48,000 ಕಿಲೋಮೀಟರ್ ತೋರಿಸುತ್ತಿದೆಯಲ್ಲ?

ಕಾರು: ತಾವು ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯನ್ನು ನೋಡಿರುವಿರಷ್ಟೆ? ಅಲ್ಲಿ ಎತ್ತಿನ ಬಾಯಿ ಬಿಡಿಸಿ, ಎರಡು ಹಲ್ಲೋ ನಾಲ್ಕು ಹಲ್ಲೋ ಬಾಯಿಗೂಡಿದೆಯೋ ಎಂದು ಎಣಿಸಿ ವಯಸ್ಸನ್ನು ನಿರ್ಧರಿಸುವರು. ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಮಾತಾಡುವರು. ಎತ್ತಿಗೆ ಹೊಸ ಹಲ್ಲು ಕಟ್ಟುವ ವಿದ್ಯೆ ಆ ದಲ್ಲಾಳಿಗಳಿಗೆ ಸಿದ್ಧಿಸಲಿಲ್ಲ, ನಮ್ಮವರಿಗೆ ಸಿದ್ಧಿಸಿದೆ. ಮೀಟರನ್ನು ನಂಬಬೇಡಿ, ನನ್ನ ಬ್ರೇಕ್ ಪೆಡಲಿನ ರಬ್ಬರು ನುಣ್ಣಗೆ ಸವೆದಿರುವುದನ್ನು ನೋಡಿ, ಸ್ಟಿಯರಿಂಗಿನ ಹೊಳಪನ್ನು ನೋಡಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿವೆ. ಮೊದಲೆರಡು ವಾರ, ಕೊನೆಯೆರಡು ವರ್ಷ. ಬಾನೆಟ್ಟಿನ ಬೋಲ್ಟುಗಳ ಬಣ್ಣ ಕಿತ್ತಿದ್ದರೆ ಯಾರೋ ಅದನ್ನು ಬಿಚ್ಚಿದ್ದಾರೆ, ಮುಂಭಾಗ ಯಾವುದನ್ನೋ ಗುದ್ದಿ ಟಿಂಕರಿಂಗ್ ಆಗಿರಬಹುದು. ತಾವು ಬರುವ ಮುಂಚೆಯೇ ನನ್ನ ಬಾನೆಟ್ಟು ಬಿಸಿಯಾಗಿದ್ದುದನ್ನು ಮುಟ್ಟಿ ನೋಡಿದಿರೋ? ತಣ್ಣಗಿರುವಾಗ ನಾನು ಎಷ್ಟು ಕೆಮ್ಮಿ ಏಳುವೆನೆಂಬುದು ಗಿರಾಕಿಗೆ ತಿಳಿಯಬಾರದೆಂದು ಈತ ಬೆಳಿಗ್ಗೆಯೇ ನನ್ನನ್ನು ಎಬ್ಬಿಸಿ ಕಾಯಿಸಿರುತ್ತಾನೆ.

ನಾನು: ಕೊಳ್ಳಲು ಬಂದವರು ಇವನ್ನೆಲ್ಲ ಪರೀಕ್ಷಿಸುವುದಿಲ್ಲವೆ?

ಕಾರು: ಜಾತ್ರೆಯಲ್ಲಿ ಎತ್ತಿನ ಸುಳಿ ನೋಡುತ್ತಿದ್ದವರ ಮೊಮ್ಮಕ್ಕಳು ಇಲ್ಲಿ ನಂಬರ್ ಪ್ಲೇಟಿನ ಅಂಕಿಗಳನ್ನು ಕೂಡಿಸುತ್ತಾರೆ. ಮೊತ್ತ ಎಂಟಾದರೆ ಶನಿಯ ಕಾಟವೆಂದು ಹಿಂದಿರುಗಿದವರುಂಟು. ಕೈಬ್ರೇಕ್ ಹಿಡಿಯುವುದೋ ಇಲ್ಲವೋ ಎಂದು ಎಳೆದು ನೋಡಿದವರು ವಿರಳ. ಒಬ್ಬ ಮಹನೀಯರು ಒಂದರ ಮೇಲೊಂದು ಪ್ರಶ್ನೆ ಕೇಳಿ, ಕೊನೆಗೆ ಸ್ಪೀಕರ್ ಎಷ್ಟಿವೆ ಎಂಬಲ್ಲಿಗೆ ಪರೀಕ್ಷೆಯನ್ನು ಮುಗಿಸಿದರು.

ನಾನು: ತಮ್ಮ ನೆರೆಹೊರೆಯವರ ಬಗೆಗೆ ಎರಡು ಮಾತು?

ಕಾರು: ಚಾಡಿಯೆಂದು ಭಾವಿಸಬಾರದು. ತಮ್ಮ ಸೋದರಳಿಯ ಈಗ ಸವರುತ್ತಿರುವ ಆ ಕಾರನ್ನು ಹೊರಗಿನ ಹೊಳಪಿನಿಂದ ಅಳೆಯಬೇಡಿ. ನೆಲದ ಕಾರ್ಪೆಟ್ಟನ್ನು ಎತ್ತಿ ಮೂಸಿ ನೋಡಲಿ, ಸ್ಟೆಪ್ನಿಯ ಗುಳಿಯಲ್ಲಿ ಒಣಗಿದ ಕೆಸರಿದೆಯೇ, ಸೀಟಿನ ಅಡಿಯ ಕಂಬಿಗೆ ತುಕ್ಕು ಹಿಡಿದಿದೆಯೇ ನೋಡಲಿ. 2021ರ ನವೆಂಬರಿನಲ್ಲಿಯೂ 2024ರ ಅಕ್ಟೋಬರಿನಲ್ಲಿಯೂ ಯಲಹಂಕದ ಕೆರೆ ತುಂಬಿ ಕೇಂದ್ರೀಯ ವಿಹಾರ ವಸತಿಸಮುಚ್ಚಯದ ಅಂಗಳಕ್ಕೆ ನುಗ್ಗಿದ್ದು ಈ ಪ್ರಾಂತದವರಿಗೆಲ್ಲ ಗೊತ್ತು. ಊರಿನಲ್ಲಿ ಹಾಗೆ ನೀರು ಕುಡಿದ ಗಾಡಿಗಳೆಲ್ಲ ಗುಜರಿಗೇ ಹೋದವೆಂದು ತಾವು ನಂಬಿದ್ದರೆ ತಮ್ಮ ಹೃದಯ ನಿರ್ಮಲವಾದುದು. ಅದರ ಪಕ್ಕದ ಡೀಸೆಲ್ ಕಾರು ದೆಹಲಿಯಿಂದ ಬಂದದ್ದು. ಅಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ಗಾಡಿಗೆ ನಿಷೇಧ ಬಂದ ಮೇಲೆ ದಕ್ಷಿಣಾಭಿಮುಖವಾಗಿ ವಲಸೆ ಹೊರಟ ಕುಲ ಅದು. ಬೆಲೆ ಅಗ್ಗವೇ, ಆದರೆ ಎನ್‌ಓಸಿ ತರಿಸಿ ಕರ್ನಾಟಕದ ರಸ್ತೆ ತೆರಿಗೆ ಕಟ್ಟಿ ಇಲ್ಲಿಯ ನಂಬರು ಪಡೆಯುವ ಹೊತ್ತಿಗೆ ಅಗ್ಗವೆಂಬುದು ಎಲ್ಲಿ ಹೋಯಿತೆಂದು ಹುಡುಕಬೇಕಾದೀತು. ಆ ಕೊನೆಯದು ಷೆವ್ರೊಲೆ. ಒಳ್ಳೆಯ ಕೂಸು, ಆದರೆ ಹೆತ್ತವರು 2017ರಲ್ಲಿ ಈ ದೇಶದ ಮಾರಾಟವನ್ನೇ ನಿಲ್ಲಿಸಿದರು; 2021ರಲ್ಲಿ ಫೋರ್ಡಿನವರೂ ಇಲ್ಲಿ ಕಾರು ಮಾಡುವುದನ್ನು ಬಿಡುವೆವೆಂದು ಸಾರಿದರು. ಅಂಥ ಅನಾಥರನ್ನು ಸಾಕಲು ಪಳಗಿದ ಕೈ ಬೇಕು, ಪರಿಚಿತ ಮೆಕ್ಯಾನಿಕ್ ಬೇಕು. ಎಲ್ ಬೋರ್ಡಿನವನಿಗೆ ಎರಡೂ ಇರುವುದಿಲ್ಲ.

ನಾನು: ಹಾಗಾದರೆ ತಾವೇ ನಮಗೆ ಯೋಗ್ಯರೆಂದು ತೋರುತ್ತದೆ. ಕಲಿಯುವವನಿಗೆ ಇಷ್ಟು ಸಾಕೆಂದೇ ನಮ್ಮ ಮನೆಯ ಸಭೆಯೂ ನಿರ್ಣಯಿಸಿದೆ.

ಕಾರು (ಬಹಳ ಹೊತ್ತು ಯೋಚಿಸಿ): ಅಲ್ಲಿಯೇ, ಸ್ವಾಮಿ, ನಿಮ್ಮ ಮನೆಯ ಸಭೆಯ ನಿರ್ಣಯವು ತಲೆಕೆಳಗಾಗಿರುವುದು. ಉಳುವ ಹೋರಿಯನ್ನು ಮೊದಲ ಸಲ ನೊಗಕ್ಕೆ ಹೂಡುವಾಗ ರೈತನು ಕೊಟ್ಟಿಗೆಯಲ್ಲಿರುವ ಕುಂಟೆತ್ತನ್ನು ಜೊತೆಗೆ ಕಟ್ಟುವನೆ? ಇರುವುದರಲ್ಲೆಲ್ಲ ಪಳಗಿದ, ಗಟ್ಟಿಯಾದ, ಕರೆದರೆ ನಿಲ್ಲುವ ಎತ್ತನ್ನು ಕಟ್ಟುವನು. ನಿಮ್ಮಲ್ಲಿಯಾದರೋ ಇಪ್ಪತ್ತು ವರ್ಷ ಓಡಿಸಿದ ಹಿರಿಯರಿಗೆ ಹೊಸ ಕಾರು, ಬ್ರೇಕ್ ಯಾವುದು ಆಕ್ಸಿಲರೇಟರ್ ಯಾವುದೆಂದು ಕಾಲು ಇನ್ನೂ ತಡವುತ್ತಿರುವ ಹುಡುಗನಿಗೆ ನಾನು. ತರಚಿದರೆ ದುಃಖವಾಗಬಾರದೆಂಬುದು ತಮ್ಮ ಲೆಕ್ಕ. ತರಚುವುದು ಬಣ್ಣವೊಂದೇ ಎಂದು ತಾವು ಹೇಗೆ ನಿಶ್ಚಯಿಸಿದಿರಿ? ನನ್ನಲ್ಲಿ ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ. 2014ರ ಜನವರಿಯಲ್ಲಿ, ಕಾರುಗಳ ಸುರಕ್ಷತೆಯನ್ನು ಪರೀಕ್ಷಿಸುವ ಗ್ಲೋಬಲ್ ಎನ್‌ಕ್ಯಾಪ್‌ನವರು ಭಾರತದ ಐದು ಸಣ್ಣ ಕಾರುಗಳನ್ನು, ಏರ್‌ಬ್ಯಾಗ್ ಇಲ್ಲದ ಕನಿಷ್ಠ ಮಾದರಿಗಳನ್ನೇ ಆರಿಸಿ ಗುದ್ದಿಸಿ ನೋಡಿದಾಗ, ನನಗಿಂತ ಕಿರಿಯರೂ ಬಲಿಷ್ಠರೂ ಆದ ಆ ಐವರಿಗೂ ವಯಸ್ಕರ ರಕ್ಷಣೆಯಲ್ಲಿ ದೊರೆತದ್ದು ಸೊನ್ನೆ. ನನ್ನನ್ನು ಅವರು ಗುದ್ದಿಸಿ ನೋಡಲಿಲ್ಲ. ಮುಪ್ಪಿನವರ ಮರ್ಯಾದೆ ಉಳಿಯಲೆಂದಿರಬೇಕು.

ನಾನು: ಹಾಗಾದರೆ ಏನು ಕೊಳ್ಳಬೇಕು?

ಕಾರು: 2019ರಲ್ಲಿ ಎಬಿಎಸ್ಸೂ ಚಾಲಕನ ಏರ್‌ಬ್ಯಾಗೂ ಕಡ್ಡಾಯವಾದವು. ಅವು ಕಡ್ಡಾಯವಾದ ಮೇಲೆ ಹುಟ್ಟಿದ, ಎಲ್ಲ ಊರಿನಲ್ಲಿಯೂ ಬಿಡಿಭಾಗ ಸಿಗುವ, ಸರ್ವೀಸಿನ ದಾಖಲೆ ಪೂರ್ತಿಯಿರುವ ಸಣ್ಣ ಪೆಟ್ರೋಲ್ ಕಾರನ್ನು ನೋಡಿ. ಬಣ್ಣ ಮಾಸಿರಲಿ, ಬಾಗಿಲು ನೆಗ್ಗಿರಲಿ, ಅದರ ದೆಸೆಯಿಂದಲೇ ಬೆಲೆ ಇಳಿಸಿ. ತಮಗೆ ಪರಿಚಯದ ಮೆಕ್ಯಾನಿಕ್ಕಿಗೆ ಕೂಲಿ ಕೊಟ್ಟು ಕರೆತನ್ನಿ. ದಲ್ಲಾಳಿ ತೋರಿಸುವ ಮೆಕ್ಯಾನಿಕ್ ದಲ್ಲಾಳಿಯ ಭಾವಮೈದುನನೇ. ಚಾಸಿ ನಂಬರನ್ನು ಆರ್‌ಸಿಯೊಡನೆ ಹೋಲಿಸಿ, ಸಾಲ ತೀರಿದೆಯೇ ದಂಡ ಬಾಕಿಯಿದೆಯೇ ವಿಚಾರಿಸಿ, ಹಣದ ಕೊನೆಯ ಕಂತನ್ನು ಹೆಸರು ಬದಲಾದ ಮೇಲೆಯೇ ಕೊಡಿ. ಇನ್ಶೂರೆನ್ಸನ್ನೂ ಹದಿನಾಲ್ಕು ದಿನಗಳಲ್ಲಿ ತಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ನೋ ಕ್ಲೇಮ್ ಬೋನಸ್ ಮಾತ್ರ ಹಳೆಯ ಒಡೆಯನ ಹಿಂದೆಯೇ ಹೋಗುವುದು, ಗಾಡಿಯ ಸಂಗಡ ಬಾರದು.

ನಾನು: ಅದಕ್ಕೆ ಎರಡು-ಮೂರು ಪಟ್ಟು ಹಣವಾಗುವುದಲ್ಲ?

ಕಾರು: ನನಗೆ ಎಷ್ಟಾಗುವುದೆಂದು ಲೆಕ್ಕ ಹಾಕಿದಿರೋ? ಟೈರುಗಳು ನಾಲ್ಕು, ಬ್ಯಾಟರಿ, ಕ್ಲಚ್ಚು, ಹೊಸ ಬಗೆಯ ನಂಬರ್ ಪ್ಲೇಟು. 2029ರಲ್ಲಿ ಮತ್ತೆ ರಿಜಿಸ್ಟ್ರೇಷನ್. ಇಪ್ಪತ್ತು ವರ್ಷ ಮೀರಿದ ಕಾರಿಗೆ ಅದರ ಶುಲ್ಕವನ್ನು 2025ರ ಆಗಸ್ಟಿನಲ್ಲಿ 10,000 ರೂಪಾಯಿಗೆ ಏರಿಸಿದ್ದಾರೆ. ಹಣವಿಲ್ಲವಾದರೆ ಹುಡುಗನು ಇನ್ನಾರು ತಿಂಗಳು ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಯಲಿ, ಅದರಲ್ಲಿ ಗುರುವಿನ ಕಾಲ ಕೆಳಗೂ ಒಂದು ಬ್ರೇಕ್ ಇರುತ್ತದೆ. ಉಳಿದಂತೆ ಬಿಎಂಟಿಸಿ ಇದ್ದೇ ಇದೆ.

ನಾನು: ಇಷ್ಟು ನಿಷ್ಠುರವಾಗಿ ನುಡಿದರೆ ತಮ್ಮನ್ನು ಕೊಳ್ಳುವವರು ಯಾರು?

ಕಾರು: ಐದನೆಯವರು ಬಂದೇ ಬರುವರು. ಬೆಲೆ ಕಡಮೆಯಲ್ಲವೆ? ಮೊದಲನೆಯವರ ಸಹಿಯ ಹಾಳೆ ಇನ್ನೂ ಒಂದು ಉಳಿದಿದೆ.

ಅಷ್ಟರಲ್ಲಿ ದಲ್ಲಾಳಿಯು ಕೈಯಲ್ಲಿ ಮೂರು ಕಾಗದದ ಲೋಟಗಳಲ್ಲಿ ಟೀ ಹಿಡಿದು ಸೋದರಳಿಯನೊಡನೆ ಹಿಂದಿರುಗಿದನು. ಹುಡುಗನು ನೇರವಾಗಿ ಒಳಗೆ ಬಗ್ಗಿ ಬ್ಲೂಟೂತ್ ಇದೆಯೇ ಎಂದು ಹುಡುಕತೊಡಗಿದನು. ನಾನು ಈ ವಾಹನದೊಡನೆ ವಿವರವಾಗಿ ಮಾತಾಡಿದ್ದೇನೆಂದು ಹೇಳಬೇಕೆನ್ನುವಷ್ಟರಲ್ಲಿ, ದಲ್ಲಾಳಿಯು ಬೀಗದ ಕೈ ತಿರುಗಿಸಿ, ಬಾನೆಟ್ಟಿನ ಮೇಲೆ ಅಂಗೈಯಿಂದ ತಟ್ಟಿ, ಅಭಿಮಾನದಿಂದ ನನ್ನ ಕಡೆಗೆ ನೋಡಿದನು: “ಕೇಳಿ ಸಾರ್ ಇಂಜಿನ್ನು, ಒಂದ್ ಮಾತಿಲ್ಲ. ಇಷ್ಟು ಸೈಲೆಂಟ್ ಗಾಡಿ ಇಡೀ ಯಲಹಂಕದಲ್ಲಿ ಹುಡುಕಿದ್ರೂ ಸಿಗಲ್ಲ.”